ಕಡವೆಯ ಕೋಡು, ಬೀಗರ ಅಳತೆ

ಮನುಷ್ಯ ತಾನು ಮಾಡಿದ್ದನ್ನು ಹೇಳಿಕೊಳ್ಳುವಾಗ ಎಷ್ಟೇ ಕೊಚ್ಚಿಕೊಂಡರೂ ಒಳಗೆಲ್ಲೋ ಸ್ವಲ್ಪ ಅಳುಕಿರುತ್ತದೆ. ಕೇಳುವವರಲ್ಲಿ ಯಾರಾದರೂ ಅಲ್ಲಿದ್ದವರು ಇದ್ದುಬಿಟ್ಟರೆ ಎಂಬ ಅಳುಕು. ಆದರೆ ಅಜ್ಜ ಮಾಡಿದ್ದನ್ನು ಹೇಳುವಾಗ ಆ ತೊಂದರೆಯಿಲ್ಲ. ನೋಡಿದವರೆಲ್ಲ ಅಜ್ಜನ ಜೊತೆಯಲ್ಲೇ ಹೋಗಿಬಿಟ್ಟಿರುತ್ತಾರೆ. ಹೀಗಾಗಿ ಅಜ್ಜಂದಿರು ಸತ್ತ ಮೇಲೆ ವರ್ಷ ವರ್ಷಕ್ಕೂ ಎತ್ತರವಾಗುತ್ತಾರೆ, ಅವರ ಮೀಸೆ ದಪ್ಪವಾಗುತ್ತದೆ, ಅವರು ತಿನ್ನುತ್ತಿದ್ದ ರೊಟ್ಟಿಯ ಸಂಖ್ಯೆ ಏರುತ್ತದೆ. ನನ್ನ ಅಜ್ಜ ಬೈಲಹೊಂಗಲದ ಕಡೆ ಕುರಿ ಕಾಯುತ್ತಿದ್ದವನು ಎಂದು ನಮ್ಮಪ್ಪ ಹೇಳುತ್ತಿದ್ದರು. ನನ್ನ ಅಣ್ಣ ಈಗ ಅವನನ್ನು ದೊಡ್ಡ ಪೈಲ್ವಾನನನ್ನಾಗಿ ಮಾಡಿಟ್ಟಿದ್ದಾನೆ. ನಾನು ಬೇಡವೆನ್ನಲಿಲ್ಲ. ಕುರಿ ಹಿಡಿಯುವುದಕ್ಕೂ ಒಂದು ಪಟ್ಟು ಬೇಕಲ್ಲ.

ಆದರೆ ನನ್ನ ಮಾವನವರ ಮನೆಯ ಅಜ್ಜನ ಮುಂದೆ ನಮ್ಮ ಪೈಲ್ವಾನ ಯಾವ ಲೆಕ್ಕ! ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಅವರದು ಹಳೆಯ ಹಂಚಿನ ಮನೆ. ಪಡಸಾಲೆಗೆ ಕಾಲಿಟ್ಟೊಡನೆ ಎದುರು ಗೋಡೆಯ ಮೇಲೆ ಕಡವೆಯ ತಲೆಯೊಂದು ನಿಮ್ಮನ್ನು ನೋಡುತ್ತದೆ. ತಲೆ ಗಾರೆಯದು, ಕಣ್ಣು ಗಾಜಿನದು, ಕೋಡು ಮಾತ್ರ ನಿಜದ್ದು. ಕೆಳಗೆ ಅರಣ್ಯ ಇಲಾಖೆಯ ಪರವಾನಗಿ ಪತ್ರಕ್ಕೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದಾರೆ. ಮಾವನವರ ಅಜ್ಜ ರಾಚಪ್ಪನವರು ದಂಡಿನ ಕುದುರೆಗಳಿಗೆ ಹುಲ್ಲು ಒದಗಿಸುತ್ತಿದ್ದವರು. ಒಬ್ಬ ಬಿಳಿಯ ಅಧಿಕಾರಿಯ ಜೊತೆ ಕಾಡಿಗೆ ಹೋಗಿ, ಅವನ ಗುಂಡು ತಪ್ಪಿದಾಗ, ಅವನ ಕೈಯಿಂದಲೇ ಬಂದೂಕು ತೆಗೆದುಕೊಂಡು ಒಂದೇ ಏಟಿಗೆ ಈ ಕಡವೆಯನ್ನು ಕೆಡವಿದರಂತೆ. ಆ ಅಧಿಕಾರಿ ಕೋಡನ್ನು ಅಳೆದು, ವಿಲಾಯತಿಯಲ್ಲಿ ಬೇಟೆಯ ದಾಖಲೆಗಳನ್ನೆಲ್ಲ ಅಚ್ಚು ಹಾಕುವ ದೊಡ್ಡ ಪುಸ್ತಕಕ್ಕೆ ಬರೆದು ಕಳಿಸಿದನಂತೆ. ಆ ಪುಸ್ತಕವನ್ನು ಮನೆಯಲ್ಲಿ ಯಾರೂ ನೋಡಿಲ್ಲ. ನೋಡದೇ ಇರುವುದರಿಂದ ಅದರಲ್ಲಿ ರಾಚಪ್ಪನವರ ಹೆಸರು ಇಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಇದರಲ್ಲಿ ವಿಶೇಷವೇನೆಂದರೆ ಅದು ಲಿಂಗವಂತರ ಮನೆ. ಮೊಟ್ಟೆ ಹಾಕಿರಬಹುದೆಂಬ ಅನುಮಾನಕ್ಕೆ ಕೇಕನ್ನೂ ಹೊಸ್ತಿಲ ಹೊರಗೇ ನಿಲ್ಲಿಸುವವರು. ಅಂಥವರ ಪಡಸಾಲೆಯಲ್ಲಿ ಕೊಂದ ಪ್ರಾಣಿಯ ತಲೆ! ಅದಕ್ಕೂ ಅವರು ಒಂದು ದಾರಿ ಮಾಡಿಕೊಂಡಿದ್ದಾರೆ. ಪ್ರತಿ ಶ್ರಾವಣದಲ್ಲಿ, ಅಜ್ಜ ಮಾಡಿದ ಜೀವಹತ್ಯೆಯ ಪಾಪ ತೊಳೆಯಲೆಂದು ಜಂಗಮರನ್ನು ಕರೆಸಿ ಪಾದಪೂಜೆ ಮಾಡಿ, ಬಂಧುಬಳಗಕ್ಕೆಲ್ಲ ಹೋಳಿಗೆ ಊಟ ಹಾಕುತ್ತಾರೆ. ಊಟಕ್ಕೆ ಮೊದಲು ಮಾವನವರು ಎದ್ದು ನಿಂತು ಆ ಪಾಪದ ಕಥೆ ಹೇಳಬೇಕು. ಪಾಪಕ್ಕೆ ಮರುಗುವ ಭಾಗ ಎರಡು ಮಾತಿನಲ್ಲಿ ಮುಗಿಯುತ್ತದೆ. ಪಾಪ ಮಾಡಿದ ಪರಾಕ್ರಮದ ಭಾಗ ಮುಗಿಯುವಷ್ಟರಲ್ಲಿ ಹೋಳಿಗೆ ಆರಿರುತ್ತದೆ.

ನನ್ನ ಮಗಳು ಗೌರಿಗೆ ಖಾನಾಪುರದ ಸಂಜೀವನ ಸಂಬಂಧ ಬಂದದ್ದಕ್ಕೆ ನಮಗೆಲ್ಲ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಹುಡುಗ ನಂದಗಡದ ದನದ ಆಸ್ಪತ್ರೆಯಲ್ಲಿ ಡಾಕ್ಟರು. ಮಾತು ಕಡಿಮೆ, ನಗು ಹೆಚ್ಚು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನಿಗೆ ತಂದೆಯಿಲ್ಲ, ದೊಡ್ಡಪ್ಪ ವೀರಭದ್ರಪ್ಪನವರೇ ಎಲ್ಲ. ಹಿರಿಯರ ಮನೆಯಲ್ಲೇ ಮಾತುಕತೆಯಾಗಲಿ ಎಂದು ಇಬ್ಬರನ್ನೂ ಕ್ಯಾಂಪಿನ ಮನೆಗೆ ಕರೆದೆವು. ಅವಲಕ್ಕಿ ಆಯಿತು, ಚಹಾ ಆಯಿತು, ನಿಶ್ಚಯದ ದಿನ ನೋಡಲು ಪಂಚಾಂಗವೂ ಹೊರಗೆ ಬಂತು. ಆಗ ವೀರಭದ್ರಪ್ಪನವರು ಬಸಿಯಲ್ಲಿ ಚಹಾ ಆರಿಸುತ್ತ ಗೋಡೆಯ ಕಡೆ ನೋಡಿದರು.

"ಕೋಡು ಚಲೋ ಅದಾವ್ರಿ" ಎಂದರು. "ಸಣ್ಣವು ಖರೇ, ಆದ್ರ ಚಲೋ ಅದಾವು."

ಮಾವನವರು ಪಂಚಾಂಗ ಮುಚ್ಚಿದರು. "ಸಣ್ಣವು?"

"ಹಂಗಲ್ರೀ. ನಮ್ಮ ಮನ್ಯಾಗೂ ಒಂದು ಜೋಡಿ ಅದಾವು. ನಮ್ಮ ಮುತ್ಯಾ ಹೊಡದದ್ದು. ಅವನ್ನ ನೋಡಿ ನೋಡಿ ನಮ್ಮ ಕಣ್ಣಿಗೆ ಹಂಗ ಕಾಣ್ತೈತಿ. ವಿಲಾಯತಿ ಬುಕ್ಕಿನ್ಯಾಗ ಬಂದಾವ್ರಿ ಅವು."

"ಬುಕ್ಕಿನ್ಯಾಗ ಬಂದದ್ದು ನಮ್ಮವು" ಎಂದರು ಮಾವನವರು. ಎಂಬತ್ತು ದಾಟಿದ ದನಿ ನಡುಗುತ್ತಿತ್ತು. "ಈ ಸೀಮಿಗೆಲ್ಲ ನಮ್ಮವಽ ದೊಡ್ಡವು. ಹಿರ್ಯಾರ ಮನಿಗೆ ಬಂದು ಹಿರ್ಯಾರ ಕೋಡಿಗೆ ಸಣ್ಣವು ಅಂತಾರಂದ್ರ, ನಾಳೆ ಹುಡುಗಿಗೆ ಏನಂತಾರೋ?"

ಅಲ್ಲಿಗೆ ಮಾತು ನಿಂತಿತು. ವೀರಭದ್ರಪ್ಪನವರು ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದರು. ಅವರೇನು ಒರಟರಲ್ಲ, ಕಟ್ಟಿಗೆ ಅಡ್ಡೆ ನಡೆಸುವ ಸಂಭಾವಿತ ಮನುಷ್ಯ. ಆದರೆ ತಮ್ಮ ಮುತ್ಯಾ, ಅಂದರೆ ಅಜ್ಜ, ಸುಳ್ಳು ಹೇಳಿದ ಎಂಬಂತಾಯಿತಲ್ಲ, ಅದನ್ನು ನುಂಗುವುದು ಹೇಗೆ? ವರದಕ್ಷಿಣೆಗೆ, ಜಾತಕಕ್ಕೆ, ಹುಡುಗಿಯ ಎತ್ತರಕ್ಕೆ ಸಂಬಂಧ ಮುರಿದದ್ದನ್ನು ಕೇಳಿದ್ದೇನೆ. ಕಡವೆಯ ಕೋಡಿನ ಎತ್ತರಕ್ಕೆ ಮುರಿಯುವ ಸಂಬಂಧ ನಮ್ಮದೇ ಮೊದಲನೆಯದು ಇರಬೇಕು. ಎರಡು ವಾರ ಎರಡೂ ಕಡೆಯಿಂದ ಫೋನಿಲ್ಲ. ಗೌರಿ ಒಂದು ದಿನ ನನ್ನ ಎದುರು ಬಂದು ನಿಂತಳು. "ಅಪ್ಪಾ, ಯಾವಾಗೋ ಸತ್ತ ಪ್ರಾಣಿ ಸಲುವಾಗಿ ನನ್ನ ಲಗ್ನ ನಿಲ್ಲೂದಾದ್ರ, ಅದನ್ನರ ಬಾಯಿಬಿಟ್ಟು ಹೇಳಿಬಿಡ್ರಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು.

ದಾರಿ ಹುಡುಕಿದವಳು ನನ್ನ ಹೆಂಡತಿ ಮಹಾದೇವಿ. "ರೀ, ದಿನಾ ಆಟೋ ನಗರಕ್ಕ ಹೋಗಿ ಏನ್ ಮಾಡ್ತೀರಿ ನೀವು? ಅಳೀತೀರಿ. ಇಲ್ಲೂ ಅಳೀರಿ" ಎಂದಳು. ಮಾತು ನಿಜ. ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುತ್ತೇನೆ. ನನ್ನ ಕೈಗೆ ಕರುಣೆಯಿಲ್ಲ ಎಂದು ಲೇಥಿನವರು ಬೈಯುತ್ತಾರೆ, ಅದು ನನಗೆ ಹೊಗಳಿಕೆ. ಇಬ್ಬರು ಹಿರಿಯರೂ ನನ್ನ ಹೆಸರಿಗೆ ಒಪ್ಪಿದರು. ನಾನು ನಿಷ್ಪಕ್ಷಪಾತಿ ಎಂದಲ್ಲ. ತೀರ್ಪು ಹಿಡಿಸದಿದ್ದರೆ ಇಬ್ಬರೂ ಧಾರಾಳವಾಗಿ ಬೈಯಬಹುದಾದ ಮನುಷ್ಯ ಎರಡು ಮನೆಗೂ ಸೇರಿ ನಾನೊಬ್ಬನೇ ಇದ್ದೆ.

ಅಳೆಯುವುದೆಂದರೆ ಟೇಪು ಹಿಡಿಯುವುದು ಎಂದುಕೊಂಡಿದ್ದೆ. ಹಾಗಲ್ಲ. ಮೊಬೈಲಿನಲ್ಲಿ ಹುಡುಕಿದರೆ, ಕೋಡು ಅಳೆಯಲು ಜಗತ್ತಿನಲ್ಲಿ ಹಲವು ಮತಗಳಿವೆ, ಒಂದು ಮತದವರು ಇನ್ನೊಂದು ಮತದವರನ್ನು ಮನುಷ್ಯರೆಂದೇ ಎಣಿಸುವುದಿಲ್ಲ. ಬುಡದಿಂದ ತುದಿಯವರೆಗೆ ಹೊರಬಾಗಿನ ಮೇಲೆ ಟೇಪು ಹರಿಸಿ ಉದ್ದ ನೋಡಿದರೆ ಸಾಕು ಎನ್ನುವುದು ಒಂದು ಮತ. ಉದ್ದ, ದಪ್ಪ, ಕವಲುಗಳು, ನಡುವಿನ ಅಗಲ ಎಲ್ಲ ಕೂಡಿಸಿ, ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟನ್ನು ಕಳೆಯಬೇಕೆನ್ನುವುದು ಇನ್ನೊಂದು. ಬೇಟೆ ನಿಂತು ಎರಡು ತಲೆಮಾರಾಗಿರುವ ನಮ್ಮ ದೇಶದಲ್ಲಿ, ಮೊಟ್ಟೆಯ ಹೆಸರಿಗೂ ಹೇಸುವ ಇಬ್ಬರು ಮುದುಕರು ಒಂದೇ ವಾರದಲ್ಲಿ ಈ ಶಾಸ್ತ್ರದ ಪಂಡಿತರಾಗಿಬಿಟ್ಟರು. ಮಾವನವರ ಕೋಡು ಉದ್ದ, ಆದ್ದರಿಂದ ಅವರದು ಉದ್ದದ ಮತ. ಖಾನಾಪುರದ್ದು ದಪ್ಪ, ಆದ್ದರಿಂದ ಅವರು ಕೂಡಿಸುವ ಮತ. ಕೂಡಿಸುವ ಮತದಲ್ಲಿ ಕಳೆಯುವುದೂ ಇದೆ ಎಂದು ತಿಳಿದಾಗ ವೀರಭದ್ರಪ್ಪನವರು ಫೋನಿನಲ್ಲೇ ಕೂಗಾಡಿದರು. "ಬೆಳದದ್ದನ್ನ ಯಾಕ ಕಳೀತಾರ್ರೀ? ಪ್ರಾಣಿ ಏನ್ ಅವ್ರಪ್ಪನ ಮನಿ ಮೇವು ತಿಂದಿತ್ತೇನು?"

ಪರವಾನಗಿಯ ಕೋಡನ್ನು ಮನೆಯಿಂದ ಹೊರಗೆ ಸಾಗಿಸುವಂತಿಲ್ಲ. ಹೀಗಾಗಿ ಸಾಗಿದವನು ನಾನು. ಮೊದಲು ಕ್ಯಾಂಪಿನಲ್ಲಿ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ಬಲಗೋಡಿನ ತುದಿ ಎಂದೋ ಸುಣ್ಣ ಬಳಿಯುವಾಗ ಮುರಿದಿತ್ತು. "ಮುರದದ್ದನ್ನೂ ಹಿಡೀರಿ ಅಳಿಯಂದಿರ" ಎಂದು ಮಾವನವರು ಕೆಳಗಿನಿಂದ ಆಜ್ಞೆ ಮಾಡಿದರು. ಇಲ್ಲದ್ದನ್ನು ಹೇಗೆ ಹಿಡಿಯಲಿ ಎಂದರೆ, "ಇದ್ದಾಗ ನಾ ನೋಡೇನಲ್ಲ" ಎಂದು ಗಾಳಿಯಲ್ಲಿ ಬೆರಳೆತ್ತಿ ತೋರಿಸಿದರು. ಆ ಬೆರಳಿನವರೆಗೂ ಟೇಪು ಎಳೆದೆ. ಎಡಗೋಡು ಬಲಗೋಡಿಗಿಂತ ಬಹಳ ಗಿಡ್ಡವಾಗಿತ್ತು, ಬಣ್ಣವೂ ಬೇರೆ. ಪ್ರಾಣಿಗಳಲ್ಲೂ ನಮ್ಮ ಹಾಗೆ ಒಂದು ಭುಜ ಇಳಿದವು ಇರುತ್ತವೇನೋ ಅಂದುಕೊಂಡೆ.

ಮರುದಿನ ಖಾನಾಪುರ. ಅಲ್ಲಿಯ ಕೋಡಿಗೆ ಪ್ರತಿ ಅಮಾವಾಸ್ಯೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಮುಟ್ಟಿದರೆ ಜಾರುತ್ತದೆ. "ಗ್ವಾಡಿ ಮ್ಯಾಲಿಂದ ಇಳಿಸಿಽ ಅಳೀರಿ, ಯಾರೂ ಬೆರಳು ತೋರಸಬಾರ್ದು" ಎಂದು ಹೇಳಿ ವೀರಭದ್ರಪ್ಪನವರು ಸ್ನಾನಕ್ಕೆ ಹೋದರು. ಸಂಜೀವ ಕಡವೆಯ ಗಾರೆ ತಲೆಯನ್ನು ಹಿಡಿದುಕೊಂಡ, ನಾನು ಕೋಡು ಹಿಡಿದೆ. ಕೋಡು ಕೈಗೇ ಬಂತು. ಗಾರೆ ತಲೆಯ ತೂತಿನಲ್ಲಿ ಅರಗು ಹಾಕಿ ಕೂರಿಸಿದ್ದದ್ದು, ಅರಗು ಒಣಗಿ ಕಳಚಿತ್ತು. ಮಗಳ ಲಗ್ನ ನನ್ನ ಕೈಯಲ್ಲೇ ಮುರಿದುಬಿತ್ತೆಂದು ಬೆವರಿದೆ. ಆದರೆ ಬುಡ ನೋಡಿದರೆ ಮುರಿದ ಗುರುತೇ ಇಲ್ಲ. ಗುಂಡಗೆ, ನಯವಾಗಿ, ಉಬ್ಬಿಕೊಂಡಿತ್ತು.

"ಮಾವಾರ, ಹೆದರಬ್ಯಾಡ್ರಿ" ಎಂದ ಸಂಜೀವ ಮೆಲ್ಲಗೆ. ಅವನು ನನ್ನನ್ನು ಮಾವ ಎಂದದ್ದು ಅದೇ ಮೊದಲು. "ಇದು ಉದುರಿದ ಕೋಡ್ರಿ. ಕಡವಿ ಕೋಡು ತಾನಽ ಉದುರತೈತಿ, ಮತ್ತ ಹೊಸಾದು ಬರತೈತಿ. ಹೊಡದದ್ದಾಗಿದ್ರ ಬುಡಕ್ಕ ತಲಿ ಎಲುಬು ಹತ್ತಿರಬೇಕಿತ್ತು. ಇದನ್ನ ಅಡವ್ಯಾಗ ಯಾರೋ ಆರಿಸ್ಕೊಂಡು ಬಂದಾರ."

"ಅಂದ್ರ ನಿಮ್ಮ ಮುತ್ಯಾ..."

"ಕಟ್ಟಿಗಿ ಕಡಸಾಕ ಅಡವಿಗೆ ಹೋಗ್ತಿದ್ರು. ಸಿಕ್ಕಿರಬೇಕು." ಕೋಡನ್ನು ಕೈಯಲ್ಲಿ ತಿರುಗಿಸುತ್ತ, "ನಿಮ್ಮ ಮನೀವೂ ಹಂಗಽ ಇರಬೇಕ್ರಿ. ಅವತ್ತು ಚಹಾ ಕುಡಿಯೂಮುಂದ ನೋಡಿದ್ನಿ. ಎರಡೂ ಒಂದಽ ಪ್ರಾಣಿವಲ್ಲ" ಎಂದ.

"ಮತ್ತ ದೊಡ್ಡಪ್ಪಗ ಹೇಳಲಿಲ್ಲೇನಪಾ?"

"ಕಾಲೇಜಿನ್ಯಾಗಿದ್ದಾಗ ಹೇಳಿದ್ನಿರಿ. ಮುತ್ಯಾಗ ಸುಳ್ಳುಗಾರ ಅಂತೀಯೇನು ಅಂತ ಒಂದು ತಿಂಗಳು ಮಾತಾಡಲಿಲ್ಲ."

ಇಬ್ಬರೂ ಸೇರಿ ಅರಗು ಕಾಯಿಸಿ ಕೋಡನ್ನು ಮೊದಲಿನಂತೆ ಕೂರಿಸಿದೆವು. ಕೂರಿಸುವಾಗ ಅವನು ಒಂದು ಸಲ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಳಿಯನನ್ನು ನಾನು ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ. ವಾಪಸು ಬಂದವನು ಕ್ಯಾಂಪಿನ ಮನೆಯಲ್ಲಿ ಮತ್ತೊಮ್ಮೆ ಸ್ಟೂಲು ಹತ್ತಿ, ಧೂಳು ಒರೆಸುವ ನೆಪದಲ್ಲಿ ಗಾರೆಯ ಬಿರುಕಿನಲ್ಲಿ ಬೆರಳು ಹಾಕಿ ನೋಡಿದೆ. ಅಲ್ಲೂ ಅದೇ ನಯವಾದ ಗುಂಡು ಬುಡ.

ನ್ಯಾಯವಾಗಿ ನೋಡಿದರೆ ಇದಕ್ಕಿಂತ ಶುಭ ಸಮಾಚಾರ ಆ ಮನೆಗಳಿಗೆ ಬೇರೆ ಇರಲಿಲ್ಲ. ಅಜ್ಜಂದಿರು ಒಂದು ಜೀವವನ್ನೂ ಕೊಂದಿಲ್ಲ, ಪಾಪ ಎಂಬುದೇ ಇಲ್ಲ, ಇಷ್ಟು ವರ್ಷದ ಪಾದಪೂಜೆಯೆಲ್ಲ ಶುದ್ಧ ಪುಣ್ಯದ ಖಾತೆಗೆ. ಪಡಸಾಲೆಯಲ್ಲಿ ನಿಂತು ಇದನ್ನು ಘೋಷಿಸಿ ಎಲ್ಲರಿಗೂ ಸಕ್ಕರೆ ಹಂಚಬೇಕಾಗಿತ್ತು. ಆದರೆ ಮಾವನವರು ಕೆಳಗೆ ಕುರ್ಚಿಯಲ್ಲಿ ಕುಳಿತು ಕತ್ತೆತ್ತಿ ನನ್ನನ್ನು ನೋಡುತ್ತಿದ್ದರು. ಜೀವಮಾನವೆಲ್ಲ ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕುಳಿತು ಬೇಳೆ ತೂಗಿದ ಮನುಷ್ಯ. ಇಡೀ ವಂಶದಲ್ಲಿ ನಡೆದ ಒಂದೇ ಒಂದು ಸಾಹಸವೆಂದರೆ ಆ ಪಾಪ. ಅದನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದು ಬೇಳೆ ಮಾತ್ರ. ನನಗೆ ಅವರ ಮೇಲೆ ಕನಿಕರ ಬಂತು. ಖಾನಾಪುರದವರ ಮೇಲೂ ಬಂತು.

ಭಾನುವಾರ ಎರಡೂ ಕಡೆಯವರು ನಮ್ಮ ಮನೆಯಲ್ಲಿ ಸೇರಿದರು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲ ಮತಗಳನ್ನೂ ಸೇರಿಸಿ, ಕೂಡಿಸುವುದನ್ನು ಕೂಡಿಸಿ, ಕಳೆಯುವುದನ್ನು ಕಳೆದು ನೋಡಿದ್ದಾಗಿ ಹೇಳಿದೆ. "ಎರಡೂ ಸಮ ಅದಾವ್ರಿ. ಒಂದು ಸೂತ ಹೆಚ್ಚಿಲ್ಲ, ಒಂದು ಸೂತ ಕಡಿಮಿ ಇಲ್ಲ" ಎಂದೆ. ಸೂತವೆಂದರೆ ಇಂಚಿನಲ್ಲಿ ಎಂಟನೆಯ ಒಂದು ಪಾಲು. ಒಂದೇ ಪ್ರಾಣಿಯ ಎರಡು ಕೋಡುಗಳೂ ಅಷ್ಟು ಸಮ ಬರುವುದಿಲ್ಲ. ನನ್ನ ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಬರೆದುಕೊಟ್ಟಿದ್ದರೆ ಅವನನ್ನು ಗೇಟಿನಾಚೆ ಕಳಿಸುತ್ತಿದ್ದೆ.

"ಮುರದದ್ದೂ ಹಿಡದೀರಿ?" ಎಂದರು ಮಾವನವರು.

"ಹಿಡದೇನ್ರಿ."

"ದಪ್ಪ?" ಎಂದರು ವೀರಭದ್ರಪ್ಪನವರು.

"ಅದೂ ಹಿಡದೇನ್ರಿ."

ವೀರಭದ್ರಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಒರಗಿ ಕುಳಿತರು. ಆಮೇಲೆ ಮಾವನವರು ಪಂಚಾಂಗ ಕೇಳಿದರು. ಒಳಬಾಗಿಲಲ್ಲಿ ನಿಂತಿದ್ದ ಗೌರಿ ಸರಕ್ಕನೆ ಅಡುಗೆಮನೆಗೆ ಓಡಿದಳು, ಅಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. ಹೊರಡುವಾಗ ವೀರಭದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, "ಬೀಗರ, ಹಿರ್ಯಾರ ಮನಸ್ಸು ನೋಯಬಾರ್ದು ಅಂತ ನಮ್ಮವನ್ನ ಕಡಿಮಿ ಮಾಡಿ ಹೇಳಿದ್ರಿ. ತಿಳೀತು ನನಗ" ಎಂದು ಕೈ ಒತ್ತಿದರು. ಅವರನ್ನು ಕಳಿಸಿ ಒಳಗೆ ಬಂದರೆ ಮಾವನವರು ಅದೇ ಮಾತನ್ನು ಇನ್ನೂ ಪ್ರೀತಿಯಿಂದ ಹೇಳಿದರು. ನನ್ನ ಒಂದು ಸುಳ್ಳಿನಲ್ಲಿ ಇಬ್ಬರೂ ಗೆದ್ದಿದ್ದರು.

ಲಗ್ನ ಚೆನ್ನಾಗಿ ಆಯಿತು. ಈ ವರ್ಷದ ಶ್ರಾವಣದ ಊಟಕ್ಕೆ ಕ್ಯಾಂಪಿನ ಮನೆ ಕಿಕ್ಕಿರಿದಿತ್ತು. ಸಮಾನ ಪಾಪಿಗಳೆಂದು ಬೀಗರನ್ನೂ ಕರೆದಿದ್ದರು, ಅವರು ಬುಟ್ಟಿ ತುಂಬ ಬಾಳೆಹಣ್ಣು ತಂದಿದ್ದರು. ಕಥೆಯ ಹೊತ್ತಿಗೆ ಮಾವನವರಿಗೆ ಕೆಮ್ಮು ಹತ್ತಿತು. "ಅಳಿಯಂದಿರ, ನೀವಽ ಹೇಳ್ರಿ. ಅಳದವರು ನೀವು, ನಿಮಗಿಂತ ಚಲೋ ಯಾರಿಗೆ ಗೊತ್ತೈತಿ?" ಎಂದು ಕುಳಿತುಬಿಟ್ಟರು. ತಪ್ಪಿಸಿಕೊಳ್ಳಲು ಆಗಲಿಲ್ಲ. ಎರಡು ಮಾತಿನಲ್ಲಿ ಮುಗಿಸಬೇಕೆಂದು ಎದ್ದೆ. ಆದರೆ ನೂರು ಜನ ಒಮ್ಮೆಲೇ ಸುಮ್ಮನಾಗಿ ನಿಮ್ಮ ಮುಖ ನೋಡುವ ಸುಖ ಎಂಥದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರಾಚಪ್ಪನವರನ್ನು ಕಾಡಿಗೆ ಕರೆದೊಯ್ದೆ, ಅಧಿಕಾರಿಯ ಗುಂಡು ತಪ್ಪಿಸಿದೆ, ಬಂದೂಕು ಕೈಬದಲಾಯಿಸಿದೆ. ಕಡವೆ ಬಿದ್ದಾಗ ನನ್ನ ಕಣ್ಣಲ್ಲೇ ನೀರು ತುಂಬಿತು. ಎದುರಿನ ಪಂಕ್ತಿಯಲ್ಲಿ ಸಂಜೀವ ಬಾಳೆಎಲೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ಹಿಂದಿನಿಂದ ಒಬ್ಬ ಹಿರಿಯರು ಕೇಳಿದರು, "ಎಷ್ಟು ದೂರದಿಂದ ಹೊಡದ್ರಂತ್ರೀ?"

ಈ ಪ್ರಶ್ನೆಗೆ ಮಾವನವರು ಪ್ರತಿ ವರ್ಷ "ಭಾಳ ದೂರ" ಎಂದಷ್ಟೇ ಹೇಳುತ್ತಿದ್ದರು. ನನ್ನ ಬಾಯಿ ಮಾತ್ರ ನನ್ನನ್ನು ಕೇಳದೆ ಉತ್ತರ ಕೊಟ್ಟಿತು.

"ನೂರಾ ಹದಿನೆಂಟು ಗಜ, ಎರಡು ಸೂತ."

ಯಾರೂ ಅನುಮಾನಪಡಲಿಲ್ಲ.