ಪಾಳು ದೇಗುಲದಲ್ಲಿ ಹದಿನೈದು ದಿನ

ಬೇರೆಯವರು ಕಂಪ್ಯೂಟರಿನ ಮುಂದೆ ಕೂತರೆ ಕೆಲಸ ಆಗುತ್ತದೆ. ನಾನು ಕೂತರೆ ಬೆನ್ನ ಹಿಂದೆ ನಾಲ್ಕು ಜನ ಬಂದು ನಿಲ್ಲುತ್ತಾರೆ, ಆಮೇಲೆ ಏನಾದರೊಂದು ಆಗುತ್ತದೆ. ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಇದು ತಪ್ಪಿದ್ದಲ್ಲ. ಆದರೆ ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಒಂದು ವಿಡಿಯೋ ಗೇಮಿನ ವಿಮರ್ಶೆ ಬರೆಯಲು ಒಪ್ಪಿಕೊಂಡೆನಲ್ಲ, ಆ ಹದಿನೈದು ದಿನದಲ್ಲಿ ಆದಷ್ಟು ಮತ್ತೆಂದೂ ಆಗಲಿಲ್ಲ.

ಯಾವ ಪುಟಕ್ಕೆ?

ಊರಿನ ಸಂಜೆಪತ್ರಿಕೆಯ ಸಂಪಾದಕರು ಒಂದು ದಿನ ಕರೆಸಿಕೊಂಡು, "ಈಗೆಲ್ಲ ಕಂಪ್ಯೂಟರ್ ಕಾಲ. ವಾರಕ್ಕೊಂದು ಅಂಕಣ ಬರೆದುಕೊಡಿ ಮೇಷ್ಟ್ರೇ" ಅಂದರು. ಸ್ನೇಹಿತರೊಬ್ಬರು ಕೊಟ್ಟಿದ್ದ ಹೊಸ ಗೇಮಿನ ಸಿ.ಡಿ. ನನ್ನ ಹತ್ತಿರ ಇತ್ತು. ಅದರ ವಿಮರ್ಶೆಯಿಂದಲೇ ಶುರು ಮಾಡುತ್ತೇನೆ ಅಂದೆ.

"ಒಂದು ಷರತ್ತು. ಪೂರ್ತಿ ಆಡಿ ಮುಗಿಸಿಯೇ ಬರೀಬೇಕು. ಹಿಂದೆ ನಮ್ಮಲ್ಲೊಬ್ಬ ಇಂಟರ್ವಲ್ ತನಕ ನಾಟಕ ನೋಡಿ ಮನೆಗೆ ಹೋಗಿ, 'ಕೊನೆಯ ದೃಶ್ಯ ಎಲ್ಲರ ಕಣ್ಣು ಒದ್ದೆ ಮಾಡಿತು' ಅಂತ ಬರೆದುಬಿಟ್ಟ. ಇಂಟರ್ವಲ್ ಆದಮೇಲೆ ಮಳೆ ಬಂದು ನಾಟಕವೇ ನಿಂತುಹೋಗಿತ್ತು. ಒದ್ದೆ ಆಗಿದ್ದು ಚಾಪೆಗಳು."

ನಾನು ಒಪ್ಪಿಕೊಂಡೆ. ಅವರು ಪೆನ್ನು ತೆಗೆದು, "ಆಟದಲ್ಲಿ ಏನಿರುತ್ತೆ, ಎರಡು ಮಾತಲ್ಲಿ ಹೇಳಿ" ಅಂದರು.

"ಒಬ್ಬಳು ಹೆಂಗಸು ಸಾರ್. ಪಾಳುಬಿದ್ದ ಪುರಾತನ ದೇವಸ್ಥಾನಗಳಿಗೆ ನುಗ್ತಾಳೆ. ಗೋಡೆ ಹತ್ತಿ, ಕಂದಕ ಹಾರಿ, ಬಾಗಿಲು ಒಡೆದು, ಒಳಗಿರೋ ವಿಗ್ರಹ ತಗೊಂಡು ಯಾರಿಗೂ ಸಿಗದ ಹಾಗೆ ಆಚೆ ಬರ್ತಾಳೆ."

ಸಂಪಾದಕರು ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಇದನ್ನ ಕ್ರೀಡಾ ಪುಟಕ್ಕೆ ಹಾಕಲೋ, ಕ್ರೈಮ್ ಪುಟಕ್ಕೆ ಹಾಕಲೋ?"

ಓವರ್‌ಸಿಯರ್ ಸಾಹೇಬರ ತಪಾಸಣೆ

ನಮ್ಮ ಕೇಂದ್ರದಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಕ್ಲಾಸಿರಲಿಲ್ಲ. ಅದೇ ನನ್ನ ಆಟದ ಹೊತ್ತು. ಆದರೆ ಅರಕಲಗೂಡಿನಿಂದ ಕಂಪ್ಯೂಟರ್ ಕಲಿಯಲು ಬರುತ್ತಿದ್ದ ಒಬ್ಬ ನಿವೃತ್ತ ಓವರ್‌ಸಿಯರ್, ಅವರ ಬಸ್ಸಿನ ದಯೆಯಿಂದ, ಮೂರರ ಕ್ಲಾಸಿಗೆ ಒಂದೂವರೆಗೇ ಬಂದು ಕೂರುತ್ತಿದ್ದರು. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸಿದವರು. ಪರದೆಯ ಮೇಲೆ ಕಲ್ಲಿನ ಗೋಡೆ ಕಂಡದ್ದೇ ತಡ, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ಸ್ವಲ್ಪ ಮುಂದಕ್ಕೆ ಹೋಗಿ. ನಿಲ್ಲಿಸಿ. ಗೋಡೆ ಹತ್ರ ತಗೊಂಡು ಹೋಗಿ ಆಯಮ್ಮನ್ನ."

ನಾಯಕಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅವರು ಕೊಡೆಯ ತುದಿಯಿಂದ ತೋರಿಸಿದರು. "ನೋಡಿದ್ರಾ? ಕಲ್ಲಿನ ಸಂದು ಒಂದರ ಮೇಲೊಂದು ಬಂದಿಲ್ಲ, ಬಿಟ್ಟು ಬಿಟ್ಟು ಕೂರಿಸವ್ರೆ. ಪಾಚಿ ನೋಡಿ, ಬಿಸಿಲು ಬೀಳದ ಗೋಡೆಗೆ ಮಾತ್ರ ಹಾಕವ್ರೆ. ಈ ಕೆಲಸ ಮಾಡಿಸಿದೋನು ಸೈಟಿನಲ್ಲಿ ನಿಂತು ಮಾಡಿಸಿದಾನೆ ಮೇಷ್ಟ್ರೇ. ಬಿಲ್ ಕಣ್ಮುಚ್ಚಿ ಪಾಸ್ ಮಾಡಬೌದು."

ಹೀಗೆ ಹೊಗಳುತ್ತಾ ಇದ್ದವರ ಕೊಡೆ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ತಿರುಗಿತು. "ಈ ಕೋಣೆಗೆ ಸಾವಿರ ವರ್ಷದಿಂದ ಯಾರೂ ಕಾಲಿಟ್ಟಿಲ್ಲ ಅಂದ್ರಿ ಅಲ್ವಾ? ಮತ್ತೆ ಗೋಡೆ ಮೇಲೆ ಪಂಜು ಉರೀತಾವಲ್ಲ, ಎಣ್ಣೆ ಹುಯ್ಯೋರು ಯಾರು?"

ಅವರೇ ಯೋಚನೆ ಮಾಡಿ ತೀರ್ಪು ಕೊಟ್ಟರು. "ಇಲ್ಲೊಬ್ಬ ವಾಚ್‌ಮನ್ ಇದ್ದೇ ಇದಾನೆ. ಸಾವಿರ ವರ್ಷದಿಂದ ಸರ್ವೀಸಲ್ಲಿದಾನೆ, ಯಾರ ಕಣ್ಣಿಗೂ ಬಿದ್ದಿಲ್ಲ. ನನ್ನ ಕೈಕೆಳಗೂ ಅಂಥೋನೊಬ್ಬ ಇದ್ದ. ಆದ್ರೆ ಅವ್ನು ದೀಪ ಹಚ್ತಿರಲಿಲ್ಲ."

ಗಾಳಿಯಲ್ಲಿದ್ದವಳು

ಆಟದ ನಡುಭಾಗದಲ್ಲಿ ಒಂದು ಭಾರೀ ಕಂದಕ. ಹಗ್ಗ ಹಿಡಿದು ಜೀಕಿ ಆಚೆ ದಡಕ್ಕೆ ಹಾರಬೇಕು. ಇಪ್ಪತ್ತು ಸಲ ಬಿದ್ದು, ಇಪ್ಪತ್ತೊಂದನೇ ಸಲ ಅವಳ ಕೈಗೆ ಹಗ್ಗ ಸಿಕ್ಕಿ ಜೀಕಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮಲ್ಲಿ ಬ್ಯಾಟರಿ ಇತ್ತು, ಹತ್ತೇ ನಿಮಿಷ ಬರುವಂಥದ್ದು. ಆಟವನ್ನು ಹಾಗೇ ನಿಲ್ಲಿಸಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಸ್ವಲ್ಪ ಬೇಗ ಕರೆಂಟ್ ಕೊಡಿ ಸಾರ್, ಇಲ್ಲೊಬ್ಳು ಹೆಂಗಸು ಗಾಳೀಲಿ ನೇತಾಡ್ತಿದಾಳೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಯಾವ ಕಂಬ?"

"ಕಂಬ ಅಲ್ಲ ಸಾರ್, ಹಗ್ಗ."

"ಹಗ್ಗನೋ ವೈರೋ ಸರಿಯಾಗಿ ನೋಡ್ರೀ! ಯಾರೂ ಮುಟ್ಟಬೇಡಿ. ಆಕೆ ಕೆಳಗಿಳಿಯೋ ತನಕ ಆ ಏರಿಯಾಕ್ಕೇ ಲೈನ್ ಕೊಡಲ್ಲ." ಫೋನ್ ಇಟ್ಟೇಬಿಟ್ಟರು.

ಅವಳು ಇಳಿಯಬೇಕಾದರೆ ಕರೆಂಟು ಬರಬೇಕು. ಕರೆಂಟು ಬರಬೇಕಾದರೆ ಅವಳು ಇಳಿಯಬೇಕು. ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಕೊನೆಗೆ ನಾನೇ ಸೈಕಲ್ ಹತ್ತಿ ಆ ಕಚೇರಿಗೆ ಹೋಗಿ, "ಇಳಿದಳು ಸಾರ್" ಅಂತ ಹೇಳಿ ಬಂದೆ. "ಪೆಟ್ಟಾಯ್ತಾ?" ಅಂತ ಪಾಪ ಕೇಳಿದರು. "ಇಲ್ಲ ಸಾರ್, ಮೊದಲಿಂದ ಶುರು ಮಾಡ್ಬೇಕು ಅಷ್ಟೆ" ಅಂದೆ.

"ಬುದ್ಧಿ ಹೇಳ್ರೀ ಆಕೆಗೆ!" ಅಂದರು.

ಮಡಕೆ

ನಮ್ಮತ್ತೆ ಹೊಳೆನರಸೀಪುರದಲ್ಲಿ ಬಹಳ ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಕನ್ನಡಕ ಬದಲಾಯಿಸಲು ಹಾಸನಕ್ಕೆ ಬಂದಿದ್ದರು. ಹೊಸ ಕನ್ನಡಕ ಸಿಗುವುದಕ್ಕೆ ಇನ್ನೂ ಒಂದು ಗಂಟೆ ಇತ್ತು, ಕೇಂದ್ರಕ್ಕೆ ಬಂದು ನನ್ನ ಹಿಂದೆ ಕೂತರು.

ಆ ಹೊತ್ತಿಗೆ ನಾನು ಮೂರು ದಿನದಿಂದ ಒಂದೇ ಮಂಟಪದಲ್ಲಿ ಸುತ್ತುತ್ತಿದ್ದೆ. ಎಲ್ಲ ಕಂಬ ತಟ್ಟಿದೆ, ಎಲ್ಲ ಚಪ್ಪಡಿ ತಳ್ಳಿದೆ. ದಾರಿಯಿಲ್ಲ. ಅತ್ತೆ ಐದು ನಿಮಿಷ ನೋಡಿ, "ಮೇಲೆ ನೋಡಿದ್ರಾ ಅಳಿಯಂದ್ರೇ? ದೇವಸ್ಥಾನಕ್ಕೆ ಹೋದೋರು ಛಾವಣಿ ನೋಡದೆ ಬರ್ತಾರಾ? ನಮ್ಮ ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಹೋದಾಗ ಕತ್ತು ನೋಯೋ ತನಕ ಮೇಲೆ ನೋಡಿಸ್ತಿದ್ದೆ" ಅಂದರು.

ನಾಯಕಿಯ ಕತ್ತು ಎತ್ತಿಸಿದೆ. ಛಾವಣಿಯ ನಡುವೆ ಕಲ್ಲಿನ ಕಮಲ. ಅದರ ಒಂದು ಎಸಳು ಮುರಿದು, ಅಲ್ಲಿಂದ ಬಿಸಿಲಿನ ಕೋಲು ಇಳಿದಿತ್ತು. ಅದೇ ದಾರಿ! ಅತ್ತೆ ಮಾತ್ರ ದಾರಿಯನ್ನು ನೋಡಲಿಲ್ಲ, ಕಮಲವನ್ನು ನೋಡಿದರು. "ಎಂಥ ಕೆಲಸ! ಯಾವ ರಾಜರದ್ದೂ ಅಲ್ಲ, ಯಾವ ಕಾಲದ್ದೂ ಅಲ್ಲ. ಆದರೂ ಇದ್ದಿದ್ರೆ ಹೀಗೇ ಇರ್ತಿತ್ತು ಅನ್ನಿಸುತ್ತಲ್ಲ. ಪೂರ್ತಿ ಅಂಕ ಕೊಡಿ."

ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ಮೇಲಿನ ಕೋಣೆಯಲ್ಲಿ ಸಾಲಾಗಿ ಹಳೆಯ ಮಡಕೆಗಳಿದ್ದವು. ಈ ಆಟದಲ್ಲಿ ಮಡಕೆ ಒಡೆದರೆ ಒಳಗೆ ಔಷಧಿ ಸಿಗುತ್ತದೆ, ಕುಡಿದರೆ ಗಾಯ ವಾಸಿ. ನಾನು ಒಂದು ಒಡೆದೆ.

"ಅಯ್ಯಯ್ಯೋ! ನಿಲ್ಸಿ!" ಅತ್ತೆ ಎದ್ದೇ ನಿಂತರು. "ಅದರ ಮೇಲಿನ ಚಿತ್ರ ನೋಡಿದ್ರಾ? ಓದಿದೋರಾಗಿ ಹೀಗಾ ಮಾಡೋದು?"

"ಅತ್ತೆ, ಔಷಧಿ ಸಿಗದೇ ಇದ್ರೆ ಅವಳು ಸಾಯ್ತಾಳೆ."

"ಸಾಯ್ಲಿ."

ಆಮೇಲೆ ಅವರಿದ್ದಷ್ಟು ಹೊತ್ತೂ ಇನ್ನೊಂದು ಮಡಕೆಯನ್ನೂ ಮುಟ್ಟಲಿಲ್ಲ. ನಾಯಕಿ ಬಾವಲಿ ಕಚ್ಚಿ ಎರಡು ಸಲ, ಈಟಿ ಚುಚ್ಚಿ ನಾಲ್ಕು ಸಲ ಸತ್ತಳು. ಆರನೇ ಸಲ ನಾನು ಅಂಗಲಾಚಿದೆ. ಅತ್ತೆ ಶಾಂತವಾಗಿ ಹೇಳಿದರು: "ಅವಳು ಸತ್ರೆ ಮತ್ತೆ ಎದ್ದು ಬರ್ತಾಳೆ ಅಳಿಯಂದ್ರೇ. ಮಡಕೆ ಎದ್ದು ಬರುತ್ತಾ?"

ಓದುಗರ ಸಹಕಾರ

ಇಷ್ಟೆಲ್ಲ ಆದರೂ ಹೇಳುತ್ತೇನೆ, ಆ ಆಟ ನನ್ನನ್ನು ಹಿಡಿದು ಕೂರಿಸಿದ ಹಾಗೆ ಯಾವುದೂ ಕೂರಿಸಿರಲಿಲ್ಲ. ಗದ್ದಲವೇ ಇಲ್ಲ. ಅವಳ ಹೆಜ್ಜೆ ಸಪ್ಪಳ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಬಾಗಿಲು ತೆರೆದಾಗ ಒಳಗಿನ ಕತ್ತಲು. ಚಿಕ್ಕಂದಿನಲ್ಲಿ ಊರಾಚೆಯ ಹಾಳು ಗುಡಿಗೆ ಮೊದಲ ಸಲ ಕಾಲಿಟ್ಟಾಗ ಎದೆಯಲ್ಲಿ ಆದದ್ದು ಮೂವತ್ತೈದನೇ ವಯಸ್ಸಿನಲ್ಲಿ ಮತ್ತೆ ಆಯಿತು. ಅದನ್ನೇ ಬರೆಯಬೇಕು ಅಂತಿದ್ದೆ. ಆದರೆ ಕೊನೆಯ ಕೋಣೆಯಲ್ಲಿ ಸಿಕ್ಕಿಕೊಂಡೆ.

ಅದು ಬಾವಿಯ ಥರದ ಕೋಣೆ. ಆಚೆ ಹೋಗುವ ಬಾಗಿಲು ಮೂರಾಳೆತ್ತರದಲ್ಲಿ. ಕೆಳಗೆ ಒಂದು ಚಕ್ರ. ಒಂದು ಕಡೆ ತಿರುಗಿಸಿದರೆ ನೀರು ನುಗ್ಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಸಿದು ಹೋಗುತ್ತದೆ. ನೀರು ಅವಳ ಕತ್ತಿಗೆ ಬಂದ ತಕ್ಷಣ ನಾನು ಹೆದರಿ ಬಸಿದುಬಿಡುತ್ತಿದ್ದೆ. ನಾಲ್ಕು ದಿನ ಇದೇ ಆಯಿತು.

ಸಂಪಾದಕರಿಗೆ ಫೋನ್ ಮಾಡಿ, "ಸಾರ್, ಈ ವಾರ ಆಗಲ್ಲ. ನಾಲ್ಕು ದಿನದಿಂದ ದೇವಸ್ಥಾನದ ನೆಲಮಾಳಿಗೇಲಿ ಸಿಕ್ಕಾಕ್ಕೊಂಡಿದೀನಿ" ಅಂದೆ. ಅವರು ಅದನ್ನು ಕಚೇರಿಯಲ್ಲಿ ಯಾರಿಗೋ ಹೇಳಿ ಬರೆಸಿದರು. ಮಾರನೆಯ ಸಂಜೆ ಚೌಕಟ್ಟು ಕಟ್ಟಿ ಅಚ್ಚಾಯಿತು: 'ನಮ್ಮ ಅಂಕಣಕಾರರು ಪುರಾತನ ದೇವಾಲಯದ ನೆಲಮಾಳಿಗೆಯಲ್ಲಿ ನಾಲ್ಕು ದಿನಗಳಿಂದ ಸಿಲುಕಿಕೊಂಡಿರುವ ಕಾರಣ ಈ ವಾರ ಅಂಕಣ ಇರುವುದಿಲ್ಲ. ಓದುಗರು ಸಹಕರಿಸಬೇಕು.' ಕೆಳಗೆ ನನ್ನ ಹೆಸರು, ಕೇಂದ್ರದ ವಿಳಾಸ.

ಅದರ ಮಾರನೆಯ ಮಧ್ಯಾಹ್ನ ಸಹಕಾರ ಬಂತು. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿಂದ ಚಿಕ್ಕಪ್ಪ, ಜತೆಗೆ ಇಬ್ಬರು ಗಟ್ಟಿ ಆಳು, ಹೆಗಲ ಮೇಲೆ ಬಾವಿ ಹಗ್ಗ, ಕೈಯಲ್ಲಿ ಹಾರೆ. ಕಂಪ್ಯೂಟರಿಗೆ ಧೂಳಾಗಬಾರದು ಅಂತ ನಮ್ಮ ಬಾಗಿಲಲ್ಲಿ 'ಪಾದರಕ್ಷೆಗಳನ್ನು ಇಲ್ಲೇ ಬಿಡಿ' ಎಂಬ ಬೋರ್ಡಿತ್ತು. ಅದನ್ನು ಓದಿದ ಚಿಕ್ಕಪ್ಪ, "ಇದೇ ದೇವಸ್ಥಾನ ಕಣ್ರಲಾ, ಮೆಟ್ಟು ಬಿಡಿ" ಅಂದದ್ದು ಒಳಗೆ ಕೇಳಿಸಿತು.

ನಾನು ಕುರ್ಚಿಯಲ್ಲಿ ಆರಾಮಾಗಿ ಕೂತದ್ದನ್ನು ಕಂಡು ಅವರಿಗೆ ಸಮಾಧಾನಕ್ಕಿಂತ ಬೇಜಾರೇ ಜಾಸ್ತಿಯಾಯಿತು. "ಲೇ, ಸಿಕ್ಕಾಕ್ಕೊಂಡಿದ್ದೀಯ ಅಂದ್ರಲ್ಲೋ?"

ಹೇಗೋ ವಿವರಿಸಿ ಪರದೆ ತೋರಿಸಿದೆ. ಚಿಕ್ಕಪ್ಪ ಹಾರೆ ಗೋಡೆಗೆ ಒರಗಿಸಿ ಬಗ್ಗಿ ನೋಡಿದರು. ಕೆರೆ ಕೆಳಗಿನ ಗದ್ದೆಯವರು. ತೂಬು, ಕಾಲುವೆ ಅಂದರೆ ಅವರ ಅಂಗೈ ಗೆರೆ.

"ನೀರು ಯಾಕ್ಲಾ ಬಸೀತೀಯ?"

"ಮುಳುಗ್ತಾಳೆ ಚಿಕ್ಕಪ್ಪ."

"ಅವಳಿಗೆ ಈಜು ಬರಾಕಿಲ್ವಾ?"

ಬರುತ್ತಿತ್ತು. ಎರಡನೇ ಹಂತದಲ್ಲಿ ಹೊಳೆಯನ್ನೇ ಈಜಿದ್ದಳು. ಆದರೆ ನನಗೆ ಈಜು ಬರುವುದಿಲ್ಲ, ಹಾಗಾಗಿ ಅವಳಿಗೂ ಬರುವುದಿಲ್ಲ ಅಂತ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

"ಕತ್ ಮಟ ಬಂದ್ರೆ ಎದರ್ಕೋಬ್ಯಾಡ. ಇನ್ನೂ ಬರ್ಲಿ ಬಿಡು. ನೀರು ಏರ್ದಂಗೆ ಅವಳೂ ಏರ್ತಾಳೆ. ಬಾವಿ ತುಂಬ್ದಂಗೆ ಕಾಲಿ ಕೊಡ ಎಂಗ್ ಬತ್ತದೆ ಮ್ಯಾಕೆ?"

ಬಿಟ್ಟೆ. ನೀರು ಏರಿತು, ಅವಳು ತೇಲಿದಳು, ಮೂರಾಳೆತ್ತರದ ಬಾಗಿಲಿನ ಹೊಸ್ತಿಲು ಅವಳ ಕೈಗೆ ಸಿಕ್ಕಿತು. ಬಾಗಿಲಾಚೆ ಸಮುದ್ರ, ಬೆಳಕು, ಒಂದು ದೋಣಿ. ಅವಳು ಹತ್ತಿ ಹೊರಟೇಹೋದಳು. ಮೂವರೂ ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಪೆನ್ನು ತೆಗೆದು ಹತ್ತಕ್ಕೆ ಒಂಬತ್ತು ಅಂತ ಬರೆದೆ. ಒಂದು ಅಂಕ ಅತ್ತೆಯ ಮಡಕೆಗಾಗಿ ಕಳೆದೆ.

"ಊಟಕ್ಕೆ ಮನೇಗೆ ನಡೀರಿ" ಅಂತ ಅವರನ್ನು ಮುಂದೆ ಕಳಿಸಿ, ಬೀಗ ಹಾಕಿ ಹಿಂದೆಯೇ ಹೋದೆ. ಪತ್ರಿಕೆ ನೋಡಿ ಸಮಾಧಾನ ಹೇಳಲು ಬಂದಿದ್ದ ಬೀದಿಯ ಇಬ್ಬರು ಹೆಂಗಸರು ನಮ್ಮ ಜಗಲಿಯಲ್ಲಿ ಕೂತಿದ್ದರು. ಅದು ಬರೀ ಆಟ ಅಂತ ನನ್ನ ಹೆಂಡತಿ ಅವರಿಗೆ ಹೇಳಲು ಬಾಯಿ ತೆರೆದಿದ್ದಳು. ನಾನು ಸೈಕಲ್ ನಿಲ್ಲಿಸುವಷ್ಟರಲ್ಲಿ ಚಿಕ್ಕಪ್ಪನ ದನಿ ಬೀದಿಗೆಲ್ಲ ಕೇಳುವ ಹಾಗೆ ಎದ್ದಿತ್ತು.

"ಗಾಬ್ರಿ ಬ್ಯಾಡ ಕಣವ್ವಾ, ನಿನ್ ಗಂಡ ಸುಕವಾಗವ್ನೆ. ನೀರಾಗೆ ಸಿಕ್ಕಾಕ್ಕೊಂಡಿದ್ದೋಳು ಆ ಉಡ್ಗಿ. ಅದಿನೈದು ದಿನದಿಂದ ಮಟಮಟ ಮದ್ಯಾನ್ದಾಗೆ ಇವ್ನು ಅವಳ್ ಇಂದ್ಲೇ ಸುತ್ತಾ ಕುಂತವ್ನೆ. ಇವತ್ತು ನಾನೇ ಎದುರ್ಗೆ ನಿಂತು ದೋಣಿ ಅತ್ತಿಸಿ ಸಾಗಾಕ್ಬುಟ್ಟು ಬಂದಿವ್ನಿ. ಇನ್ ಈ ಕಡೀಕೆ ಬರಾಕಿಲ್ಲ ಬುಡು."

ಜಗಲಿಯಲ್ಲಿದ್ದ ಇಬ್ಬರೂ ತಿರುಗಿ ನನ್ನನ್ನೇ ನೋಡಿದರು. ದೊಡ್ಡವರು ನನ್ನ ಹೆಂಡತಿಯ ಕೈ ಹಿಡಿದುಕೊಂಡು ಮೆಲ್ಲಗೆ ಅಂದರು: "ಹೋಗ್ಲಿ ಬಿಡಮ್ಮ. ಹಿರೀರು ಹಗ್ಗ ಹಿಡ್ಕೊಂಡು ಬಂದ ಮೇಲಾದ್ರೂ ಬುದ್ಧಿ ಬಂತಲ್ಲ."