ಒಂಬತ್ತರ ಮುಳ್ಳು ಹದಿನಾಲ್ಕಕ್ಕೆ

ಮನೆಯೊಳಗೇ ಕಳ್ಳರಿದ್ದಾರೆ ಎಂಬುದು ಮೀಟರಪ್ಪನವರಿಗೆ ಖಾತ್ರಿಯಾದದ್ದು ಒಂದು ಸೋಮವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವುದಕ್ಕೆ ಮೊದಲು. (ಮನೆಮನೆಗೂ ಹೋಗಿ ನೀರಿನ ಮೀಟರ್ ಓದುವ ಕೆಲಸ ಅವರದು. ಹೆಸರು ಬೀದಿಯವರು ಇಟ್ಟದ್ದು.) ಬೀರುವಿನಲ್ಲಿದ್ದ ಹಳೆಯ ರೀಲ್ ಕ್ಯಾಮೆರಾದ ನೆತ್ತಿಯ ಮೇಲೆ, ಎಷ್ಟು ಪಟ ತೆಗೆದಾಯಿತೆಂದು ತೋರಿಸುವ ಪುಟ್ಟ ಮುಳ್ಳೊಂದಿದೆ. ಶನಿವಾರ ಅದು ಒಂಬತ್ತರಲ್ಲಿತ್ತು. ಈಗ ಹತ್ತರಲ್ಲಿತ್ತು. ಮನುಷ್ಯರು ಸುಳ್ಳು ಹೇಳಬಹುದು, ಅಂಕಿ ಹೇಳುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಮೀಟರ್ ಓದಿದವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ನನ್ನ ಬೀರು ಯಾರಾದ್ರೂ ತೆಗೆದಿದ್ರಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಧೂಳು ಹೊಡೆಯೋಕೂ ಬಿಡಲ್ಲ ನೀವು. ಇನ್ಯಾರು ತೆಗೀತಾರೆ?" ಎಂದಳು ಹೆಂಡತಿ.

"ಕೇಳಿದ್ದಕ್ಕೆ ಉತ್ತರ ಹೇಳು."

"ಕೇಳಿದ್ದೇ ಅನುಮಾನ ಇಟ್ಕೊಂಡು. ಉತ್ತರ ಯಾವುದಾದ್ರೇನು?"

ಮೀಟರಪ್ಪನವರು ವಾದ ಬೆಳೆಸದೆ ಬೀರುವಿನತ್ತ ನಡೆದರು. ಕಳ್ಳರನ್ನು ಕೈಯಾರೆ ಹಿಡಿಯಲೇಬೇಕಾದ ಕಾರಣವಿತ್ತು. ಮೂರು ತಿಂಗಳ ಹಿಂದೆ ಆ ಮನೆಯಲ್ಲಿ ಒಂದು ಐತಿಹಾಸಿಕ ಕರಾರು ಆಗಿತ್ತು. ಉಗ್ರಾಣದ ಕೋಣೆಯನ್ನು ಅವರು ಫೋಟೋ ತೊಳೆಯುವ ಕತ್ತಲಕೋಣೆ ಮಾಡಿಕೊಂಡಿದ್ದರಿಂದ, ಹೆಂಡತಿಯ ಹೊಲಿಗೆ ಯಂತ್ರ ನಡುಮನೆಯ ದಾರಿಯಲ್ಲಿ ಕೂತು ಬಂದುಹೋಗುವವರ ಮೊಣಕಾಲಿಗೆ ಬಡಿಯುತ್ತಿತ್ತು. ಆಗಲೇ ಬೀರುವಿನಲ್ಲಿ ಹನ್ನೊಂದು ಕ್ಯಾಮೆರಾಗಳಿದ್ದವು. ಹನ್ನೆರಡನೆಯದು ಹೊಸ್ತಿಲು ದಾಟಿದರೆ ಆ ದಿನವೇ ಕೋಣೆ ಹೆಂಡತಿಯ ಪಾಲು ಎಂದು ತೀರ್ಮಾನವಾಯಿತು. ಸೋಲೊಪ್ಪದ ಮೀಟರಪ್ಪನವರು ತಮ್ಮದೂ ಒಂದು ಷರತ್ತು ಸೇರಿಸಿದರು: ತಮ್ಮ ಕ್ಯಾಮೆರಾವನ್ನು ಬೇರೆ ಯಾರಾದರೂ ಮುಟ್ಟಿದರೆ ಕರಾರು ರದ್ದು. ಪಕ್ಕದ ಬೀದಿಯಲ್ಲಿದ್ದ ಅವರ ಅಕ್ಕನೇ ಸಾಕ್ಷಿ.

ಈಗ ಮುಟ್ಟಿದವರನ್ನು ಹಿಡಿದರೆ ಸಾಕು. ಕೋಣೆ ಶಾಶ್ವತವಾಗಿ ತಮ್ಮದು. ಜೊತೆಗೆ, ಕರಾರಾದ ಮೇಲೆ ಬಂದು ಅಲ್ಲಲ್ಲಿ ತಲೆಮರೆಸಿಕೊಂಡಿರುವ ಕೆಲವು ಅತಿಥಿಗಳೂ ಹಗಲು ಬೆಳಕು ಕಾಣಬಹುದು. (ಎಷ್ಟು ಅತಿಥಿಗಳು ಎಂದು ಕೇಳಬೇಡಿ. ಅವರೂ ಲೆಕ್ಕ ಇಟ್ಟಿರಲಿಲ್ಲ. ಅನಾಥವಾಗಿ ಬಿದ್ದಿರುವ ಕ್ಯಾಮೆರಾ ಕಂಡರೆ ಅವರ ಕರುಳು ಚುರುಕ್ ಎನ್ನುತ್ತಿತ್ತು, ಅಷ್ಟೆ.)

ಪತ್ತೇದಾರಿಕೆ ಶುರುವಾಯಿತು. ಬೀರುವಿನ ಮುಂದೆ ಪೌಡರ್ ಚೆಲ್ಲಿದರು. ಸಂಜೆ ಸಿಕ್ಕ ಹೆಜ್ಜೆಗುರುತು ತಮ್ಮದೇ ಆಗಿತ್ತು. ಚಿಲಕದ ಮೇಲೆ ಒಂದು ಕೂದಲು ಇಟ್ಟರು. ತಲೆಯಲ್ಲಿ ಉಳಿದಿದ್ದ ನಾಲ್ಕರಲ್ಲಿ ಒಂದು ಹೋಯಿತು, ಕಳ್ಳ ಸಿಗಲಿಲ್ಲ. ಮುಳ್ಳು ಮಾತ್ರ ಹನ್ನೊಂದು, ಹನ್ನೆರಡು, ಹದಿಮೂರು ಎಂದು ನಡೆಯಿತು. ಹೆಂಡತಿ ಹಾಡು ಗುನುಗಿದರೂ ಅನುಮಾನ, ಗುನುಗದಿದ್ದರೂ ಅನುಮಾನ. ಮುಳ್ಳು ಹದಿನಾಲ್ಕಕ್ಕೆ ಬಂದ ದಿನ ಅವರು ರೀಲ್ ಸುತ್ತಿ ತೆಗೆದು ತೊಳೆದೇಬಿಟ್ಟರು.

ತೊಳೆದ ರೀಲನ್ನು ಬೆಳಕಿಗೆ ಹಿಡಿದರೆ, ತಾವು ತೆಗೆದ ಮೊದಲ ಒಂಬತ್ತು ಪಟಗಳ ಜಾಗ ಗಾಜಿನಂತೆ ಖಾಲಿ! ಅದನ್ನೂ ಅವಳೇ ಅಳಿಸಿರಬೇಕು ಎಂದುಕೊಂಡರು. (ಹಾಗೆ ಅಳಿಸಲು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಆದರೆ ಅನುಮಾನಕ್ಕೆ ವಿಜ್ಞಾನ ಎಲ್ಲಿ ಗೊತ್ತು?) ಉಳಿದ ಐದರಲ್ಲೂ ಉಗುರಿನಷ್ಟು ಚಿಕ್ಕದಾಗಿ, ಕಪ್ಪು ಬಿಳುಪು ತಿರುವುಮುರುವಾಗಿ, ಒಂದೊಂದು ಕ್ಯಾಮೆರಾ. ಪಕ್ಕದಲ್ಲಿ ಒಂದೊಂದು ಚೀಟಿ. ಮೀಟರಪ್ಪನವರ ರಕ್ತ ಕುದಿಯಿತು. ಇದು ಬೆಲೆಚೀಟಿಯಲ್ಲದೆ ಮತ್ತೇನು? ಇವಳು ತಮ್ಮ ಕ್ಯಾಮೆರಾಗಳನ್ನು ಮಾರಲು ಹೊರಟಿದ್ದಾಳೆ!

ಕ್ಯಾಮೆರಾ ಕಂಡರೆ ಅದರ ಸುತ್ತ ಏನಿದೆ ಎಂದು ಅವರು ಜನ್ಮದಲ್ಲಿ ನೋಡಿದವರಲ್ಲ.

ಭಾನುವಾರ ಮಧ್ಯಾಹ್ನ ಅಕ್ಕನನ್ನು ಕರೆಸಿ ಕತ್ತಲಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಕೆಂಪು ದೀಪ ಹತ್ತಿಸಿದರು.

"ಏನೋ ಇದು, ಆಸ್ಪತ್ರೆ ವಾಸನೆ?" ಎಂದಳು ಅಕ್ಕ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ನ್ಯಾಯದ ವಾಸನೆ ಅಕ್ಕಾ. ಈ ತಟ್ಟೇನೇ ನೋಡ್ತಾ ಇರು. ಐದು ಪಟ ಇದೆ, ಸಾಕ್ಷಿ ನಿನ್ನ ಕಣ್ಣೆದುರೇ ಎದ್ದು ಬರುತ್ತೆ. ಆಮೇಲೆ ತಮ್ಮ ಸುಳ್ಳು ಹೇಳಿದ ಅನ್ನಬೇಡ."

ದೊಡ್ಡ ಹಾಳೆಗೇ ಪಟ ಇಳಿಸಿ ತಟ್ಟೆಯ ದ್ರಾವಣದಲ್ಲಿ ಅದ್ದಿದರು. ಹಾಳೆ ಬೆಳ್ಳಗಿತ್ತು. ನಿಧಾನವಾಗಿ ಕ್ಯಾಮೆರಾದ ದುಂಡು ಕಣ್ಣು ಮೂಡಿತು. "ನೋಡು, ನೋಡು!" ಎಂದರು ಮೀಟರಪ್ಪ. ಆಮೇಲೆ ಅದರ ಸುತ್ತ ಬೆಳ್ಳಗೆ ಹಿಟ್ಟು ಮೂಡಿತು. ಹಿಟ್ಟಿನ ಸುತ್ತ ಡಬ್ಬ ಮೂಡಿತು. ಕೊನೆಗೆ ಚೀಟಿ ಮೂಡಿತು. ಅದು ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಾಳೆ. ಅದರ ಮೇಲೆ ಕಳೆದ ಭಾನುವಾರದ ತಾರೀಖು ಅಂಗೈಯಗಲ ಇತ್ತು.

ಮೀಟರಪ್ಪನವರು ಹಾಳೆಯನ್ನು ಅವಸರದಿಂದ ಮಗುಚಿ ಹಾಕಿದರು. ಆ ಕ್ಯಾಮೆರಾ ಬೀರುವಿನ ಹನ್ನೊಂದರಲ್ಲಿ ಒಂದಲ್ಲ. ಹಿಟ್ಟಿನ ಡಬ್ಬದಲ್ಲಿ ಅದನ್ನು ಹೂತವರು ಅವರೇ.

"ಸಾಕು ಅಕ್ಕಾ, ಉಳಿದದ್ದು ಚೆನ್ನಾಗಿ ಬಂದಿಲ್ಲ."

"ಐದು ಅಂದ್ಯಲ್ಲೋ. ಐದೂ ತೋರಿಸು," ಎಂದಳು ಅಕ್ಕ. ಸ್ಟೂಲು ಅಲುಗಲಿಲ್ಲ.

ಹೀಗೆ ತಮ್ಮ ಮೇಲಿನ ಸಾಕ್ಷ್ಯವನ್ನು ಅವರು ತಮ್ಮ ಕೈಯಾರೆ ತೊಳೆದು, ದೊಡ್ಡದು ಮಾಡಿ, ಕ್ಲಿಪ್ ಹಾಕಿ ತೂಗುಬಿಟ್ಟರು: ಮಳೆಗಾಲದ ಬೂಟಿನೊಳಗೆ ಒಂದು, ದಿಂಬಿನ ಹತ್ತಿಯಲ್ಲಿ ಒಂದು, ಅಟ್ಟದ ಪಾತ್ರೆಯಲ್ಲಿ ಒಂದು, ಬಚ್ಚಲ ಟ್ಯಾಂಕಿನ ಹಿಂದೆ ಒಂದು. ಐದಕ್ಕೂ ಐದು ತಾರೀಖು. ಅದಕ್ಕಿಂತ ಎದೆ ಚುಚ್ಚಿದ್ದು ಇನ್ನೊಂದು: ಪಟಗಳು ಕೂದಲೆಳೆ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅಂಥ ಒಂದು ಪಟ ಅವರ ಕೈಯಿಂದ ಇವತ್ತಿನವರೆಗೆ ಬಂದಿರಲಿಲ್ಲ.

ಕೋಣೆಯಿಂದ ಹೊರಬಂದರೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿ ಅದೇ ಕ್ಯಾಮೆರಾ, ಹೊಸ ರೀಲ್ ತುಂಬಿತ್ತು.

"ನನ್ನ ಕ್ಯಾಮೆರಾ ಮುಟ್ಟಿದೀಯ! ಕರಾರು ರದ್ದು!" ಎಂದರು ಮೀಟರಪ್ಪ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

"ನಾನು ಇದನ್ನ ಮುಟ್ಟಿದ್ದು ಹಿಟ್ಟಿನ ಡಬ್ಬದಲ್ಲಿ ನೀವು ಬಚ್ಚಿಟ್ಟ ಕ್ಯಾಮೆರಾ ಸಿಕ್ಕಿದ ಮೇಲೆ. ಕರಾರು ಮುರಿದೋರು ಯಾರು ಮೊದಲು? ಹಿಟ್ಟಿನ ಡಬ್ಬ ದಿನಾ ತೆಗಿಯೋಳು ನಾನು. ಅಷ್ಟೂ ಹೊಳೀಲಿಲ್ವಲ್ರೀ ನಿಮಗೆ!"

"ಕೋಣೆ ಅವಳದು. ಯಂತ್ರ ಎತ್ತು," ಎಂದು ಅಕ್ಕ ತೀರ್ಪು ಕೊಟ್ಟಳು.

ಮೀಟರಪ್ಪನವರು ಯಂತ್ರದ ಒಂದು ತುದಿ ಹಿಡಿದು ಬಗ್ಗಿದರು. ಕಣ್ಣು ತೇವವಾಗಿತ್ತು, ಕೆಂಪು ದೀಪದ ಕೋಣೆ ಅವರ ಪಾಲಿನ ಸ್ವರ್ಗವಾಗಿತ್ತು. ಹೆಂಡತಿ ಅವರನ್ನೇ ಗುರಿಯಿಟ್ಟು ಕ್ಯಾಮೆರಾ ಎತ್ತಿದಳು. ಎಷ್ಟೆಂದರೂ ಕ್ಯಾಮೆರಾ ವಿಷಯದಲ್ಲಿ ತಾವೇ ಗುರುಗಳು, ಅವರಿಂದ ತಡೆಯಲಾಗಲಿಲ್ಲ.

"ಲೆನ್ಸಿನ ಮುಚ್ಚಳ ತೆಗೆದಿದೀಯೇನೇ?"

"ತೆಗೆದಿದೀನಿ. ಮುಚ್ಚಳ ಹಾಕಿದ್ರೂ ಮೇಲಿನ ಕಿಂಡೀಲಿ ಎಲ್ಲಾ ಚೆನ್ನಾಗೇ ಕಾಣುತ್ತೆ, ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ. ಒಂಬತ್ತು ಸಲ ಹಾಗೇ ಒತ್ತಿದ್ರಿ. ನಾನು ನೋಡ್ತಾನೇ ಇದ್ದೆ," ಎಂದಳು ಅವಳು. "ಈಗ ಸ್ವಲ್ಪ ನಗಿ."