ನಡುಗುವ ಕೈಗೊಂದು ಪರ್ಮಿಟ್ಟು

ಚಿಂತೆ ಮಾಡುವುದರಲ್ಲಿ ಮನುಷ್ಯ ಎಷ್ಟೇ ನುರಿತವನಾಗಿದ್ದರೂ ಅದಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ. ನನಗೆ ಮಾತ್ರ ಮದರಾಸು ಸರ್ಕಾರವೇ ಕೊಟ್ಟಿದೆ, ಆದರೆ ಬೇರೆ ಹೆಸರಿನಲ್ಲಿ. ಅದರ ಪ್ರಕಾರ ನಾನು ಮದ್ಯವಿಲ್ಲದೆ ಬದುಕಲಾರದ ಮನುಷ್ಯ. ವಾಸ್ತವದಲ್ಲಿ ನಾನು ಚಿಂತೆಯಿಲ್ಲದೆ ಬದುಕಲಾರದ ಮನುಷ್ಯ. ಆಫೀಸಿಗೆ ಹೊರಟು ನಮ್ಮ ನುಂಗಂಬಾಕ್ಕಂ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಬೆವರು ಸುರಿಸಿಕೊಂಡು ವಾಪಸು ಓಡುತ್ತೇನೆ. ಹೆಂಡತಿಯೂ ಮಗಳೂ ಒಳಗೇ ಇರುವಾಗ ಬೀಗ ಯಾಕೆ ಹಾಕಬೇಕು ಎಂಬುದು ಬಾಗಿಲ ಮುಂದೆ ನಿಂತಾಗ ಹೊಳೆಯುತ್ತದೆ. ಆಕಾಶದಲ್ಲಿ ಮೋಡ ಕಂಡರೆ ಎಣ್ಣೂರಿನ ಕಡೆಯಿಂದ ತುಫಾನು ಎದ್ದು ಬಂತೆಂದು ಚಿಂತೆ. ಮೋಡ ಕಾಣದಿದ್ದರೆ ಕೊಳಾಯಿಯಲ್ಲಿ ನೀರು ನಿಲ್ಲುತ್ತದೆಂದು ಚಿಂತೆ. ಹೀಗಾಗಿ ನಿದ್ದೆ ಕಡಿಮೆ, ಕಣ್ಣಿನ ಕೆಳಗೆ ಎರಡು ಚೀಲ, ಬಲಗೈಯಲ್ಲಿ ಸದಾ ಒಂದು ಸಣ್ಣ ನಡುಕ. ಈ ನಡುಕದಿಂದ ನನ್ನ ಸಹಿ ದಿನಕ್ಕೊಂದು ರೂಪ ತಾಳುತ್ತದೆ ಎಂಬ ತೊಂದರೆಯಷ್ಟೇ ನನಗೆ ಗೊತ್ತಿತ್ತು. ಅದರಿಂದ ನಾಲ್ಕು ಜನಕ್ಕೆ ಉಪಕಾರವೂ ಆಗಬಹುದೆಂದು ಮೊದಲು ಕಂಡುಹಿಡಿದವನು ಸದಾಶಿವಪ್ಪ.

ಸದಾಶಿವಪ್ಪ ಹುಬ್ಬಳ್ಳಿ ಕಡೆಯವನು, ಇಲ್ಲಿ ಜವಳಿ ವ್ಯಾಪಾರ. ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು ಗಾದಿಯ ಮೇಲೆ ಕೂತನೆಂದರೆ ಸೀರೆ ಕೊಳ್ಳಲು ಬಂದವರು ಮೊದಲು ಕೈಮುಗಿದು ಆಮೇಲೆ ಬೆಲೆ ಕೇಳುತ್ತಾರೆ. ಇನ್ನೊಬ್ಬ ಅನಂತು, ಮೈಸೂರಿನವನು, ನನ್ನ ಆಫೀಸಿನಲ್ಲಿ ಪಕ್ಕದ ಮೇಜು. ನಾನು ಉಡುಪಿ ಕಡೆಯವನು. ನಮ್ಮ ಮೂವರ ಕನ್ನಡವೂ ಒಂದೊಂದು ಥರ. ಊರಲ್ಲಿದ್ದಿದ್ದರೆ ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದೆವೇ ಹೊರತು ಸ್ನೇಹಿತರಾಗುತ್ತಿರಲಿಲ್ಲ. ಮದರಾಸಿನ ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಎಂದು ಕೇಳಿಸಿದರೆ ಸಾಕು, ಅಂಥವರನ್ನು ಮನೆಗೆ ಊಟಕ್ಕೆ ಕರೆದುಬಿಡುತ್ತೇವೆ.

ಒಮ್ಮೆ ಮೂವರೂ ಒಂದು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಸದಾಶಿವಪ್ಪ ನಮ್ಮನ್ನು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಬಾರಿಗೆ ನುಗ್ಗಿಸಿದ. ಬೆತ್ತದ ಕುರ್ಚಿ, ಮೆಲ್ಲಗೆ ತಿರುಗುವ ಫ್ಯಾನು, ಪೇಟ ಸುತ್ತಿದ ಮುದುಕ ಬೇರರು. ಬೀರು ಬಂತು. ಗ್ಲಾಸಿನ ಮೈಮೇಲೆ ಸಣ್ಣಗೆ ಬೆವರು. ಮೊದಲ ಗುಟುಕಿಗೆ, ಬೆಲ್ಲ ಹಾಕುವುದನ್ನು ಮರೆತ ಹಾಗಲಕಾಯಿ ಗೊಜ್ಜನ್ನು ಯಾರೋ ನೀರು ಮಾಡಿ ಕೊಟ್ಟ ಹಾಗಿತ್ತು. ಎರಡನೆಯದಕ್ಕೆ ಪರವಾಗಿಲ್ಲ ಅನ್ನಿಸಿತು. ಆಮೇಲೆ ಅನಂತು ನಮ್ಮ ಮ್ಯಾನೇಜರು ಸೀನುವ ಕ್ರಮವನ್ನು ಮಾಡಿ ತೋರಿಸಿದ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೊರಗೆ ಬಂದಾಗ ಒಂದು ವಿಷಯ ಗಮನಕ್ಕೆ ಬಂತು. ಅಲ್ಲಿ ಕೂತಿದ್ದಷ್ಟು ಹೊತ್ತು ನನಗೆ ಯಾವ ಚಿಂತೆಯೂ ಇರಲಿಲ್ಲ. ಮದರಾಸಿನ ಮನೆಯ ಬೀಗ ಒಮ್ಮೆಯೂ ನೆನಪಾಗಿರಲಿಲ್ಲ.

ಆದರೆ ಮದರಾಸಿಗೆ ಬಂದರೆ ಪಾನನಿರೋಧ. ನಮ್ಮಲ್ಲಿಯ ಕಾನೂನು ಬಹಳ ಕರುಣೆಯಿಂದ ಮಾಡಿದ್ದು. ಆರೋಗ್ಯವಂತ ಕುಡಿಯಕೂಡದು, ರೋಗಿ ಕುಡಿಯಬಹುದು. ಪರದೇಶದವರೂ ಕುಡಿಯಬಹುದು, ಅವರ ಪಿತ್ತಕೋಶದ ಕಟ್ಟಡವೇ ಬೇರೆ ಎಂದು ಸರ್ಕಾರದ ಅಭಿಪ್ರಾಯವಿರಬೇಕು. ನಮ್ಮಂಥವರಾದರೆ, ‘ಇವನು ಕುಡಿತಕ್ಕೆ ದಾಸನಾಗಿದ್ದಾನೆ, ನಿಲ್ಲಿಸಿದರೆ ಜೀವಕ್ಕೆ ಅಪಾಯ’ ಎಂದು ಡಾಕ್ಟರು ಬರೆದುಕೊಡಬೇಕು. ಆಗ ಪರ್ಮಿಟ್ಟು ಸಿಗುತ್ತದೆ, ತಿಂಗಳಿಗೆ ಇಷ್ಟು ಎಂದು ಅಳೆದು. ಅದನ್ನೂ ಪರ್ಮಿಟ್ಟಿನವನು ಒಬ್ಬನೇ ಕೂತು ಕುಡಿಯಬೇಕು, ಸ್ನೇಹಿತನಿಗೆ ಒಂದು ಗುಟುಕು ಕೊಟ್ಟರೂ ಅಪರಾಧ. ಅಂದರೆ ಮೂಲೆಯಲ್ಲಿ ಮುಖ ಗಂಟುಹಾಕಿಕೊಂಡು ಕುಡಿಯುವವನು ಕಾನೂನಿಗೆ ತಲೆಬಾಗಿದ ಪ್ರಜೆ; ನಾಲ್ಕು ಜನರ ಜೊತೆ ನಗುತ್ತ ಕುಡಿಯುವವನು ಕಳ್ಳ.

“ಮೂರು ಮಂದ್ಯಾಗ ಒಬ್ಬಾಂವ ಕುಡುಕ ಆದ್ರ ಸಾಕಲ್ಲೋ,” ಅಂದ ಸದಾಶಿವಪ್ಪ. ಯಾರು ಎಂಬ ಚರ್ಚೆ ಬಹಳ ಹೊತ್ತು ನಡೆಯಲಿಲ್ಲ. ಸದಾಶಿವಪ್ಪನದು ಗುಂಡಗಿನ ಕೆಂಪು ಮುಖ, ತುಪ್ಪ ತಿಂದದ್ದು ಕಾಣಿಸುತ್ತದೆ. ಅನಂತು ದಿನಾ ಸೂರ್ಯನಮಸ್ಕಾರ ಹಾಕುವ ಆಸಾಮಿ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ಏ ರಾಯಾ, ನಿನ್ನ ಮಾರಿ ನೋಡಿದ್ರ ಯಾವ ಡಾಕ್ಟರೂ ಪ್ರಶ್ನಿ ಕೇಳಂಗಿಲ್ಲ ನೋಡು. ನೀ ಸುಮ್ನ ಹೋಗಿ ನಿಲ್ಲು, ಅಷ್ಟ.”

ಹೋಗಿ ನಿಂತೆ. ಡಾಕ್ಟರು ತಮಿಳರು, ಮರ್ಯಾದಸ್ಥರು. ಕೈ ಚಾಚಿ ಅಂದರು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂದದ್ದೇ ತಡ, ಬೆರಳು ನಡುಗಿತು, ಆಮೇಲೆ ಮೊಣಕೈ, ಆಮೇಲೆ ಮಂಡಿ. ಎಷ್ಟು ಕಾಲದಿಂದ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಚಿಕ್ಕಂದಿನಿಂದ ಸಾರ್,” ಅಂದೆ. ಕನ್ನಡಕ ತೆಗೆದು ನೋಡಿದರು. ಮನೆಯಲ್ಲಿ ಗೊತ್ತೋ? “ಇದು ನಿಮ್ಮ ಪ್ರಾಣ ತೆಗೆಯದೆ ಬಿಡುವುದಿಲ್ಲ ಅಂತ ದಿನಾ ಹೇಳುತ್ತಾಳೆ ಸಾರ್. ನಮ್ಮ ತಂದೆಗೂ ಇತ್ತು.” ಡಾಕ್ಟರು ಬರೆದುಕೊಟ್ಟರು. ಹೊರಡುವಾಗ ಭುಜ ತಟ್ಟಿ, ದೇವರಿದ್ದಾನೆ ಎಂದರು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನನ್ನ ಹೆಂಡತಿ ಸರಸು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಹಿತ್ತಲಿನಿಂದ ನಾಲ್ಕು ನೆಗ್ಗಿದ ಹಳೆಯ ಲೋಟ-ಬಟ್ಟಲು ತಂದು, “ಇದು ಬಿಟ್ಟು ಬೇರೆ ಪಾತ್ರೆ ಮುಟ್ಟಿದರೆ ನೋಡಿ ಮತ್ತೆ,” ಎಂದಳು. ಬಾಟಲಿಯನ್ನು ಬಕೆಟ್ಟಿನಲ್ಲಿಟ್ಟು ಬಾವಿಗೆ ಇಳಿಬಿಟ್ಟರೆ ಮದರಾಸಿನ ಬಿಸಿಲಿಗೆ ಎಷ್ಟು ತಣ್ಣಗಾಗಬೇಕೋ ಅಷ್ಟು ಆಗುತ್ತಿತ್ತು, ಅಂದರೆ ಉಗುರುಬೆಚ್ಚಗಿನ ಹತ್ತಿರ. ಅದನ್ನು ಮಾಳಿಗೆಯ ಮೇಲೆ, ಹಪ್ಪಳ ಒಣಹಾಕುವ ಕಡೆ ಕೂತು, ಕಾಫಿ ಲೋಟದಲ್ಲೇ ಕುಡಿಯುತ್ತಿದ್ದೆವು. ಯಾಕೆಂದರೆ ಪಕ್ಕದ ಮಾಳಿಗೆಯಲ್ಲಿ ವಕೀಲರ ಮನೆಯ ಮಾಮಿ ಬಟ್ಟೆ ಹರವುತ್ತಿದ್ದರು. ಅವರ ತಲೆ ಗೋಡೆಯ ಮೇಲೆ ಕಂಡ ಕೂಡಲೆ ಮೂವರೂ ಲೋಟಕ್ಕೆ ಉಫ್ ಉಫ್ ಎಂದು ಊದಬೇಕೆಂದು ನಮ್ಮೊಳಗೆ ಒಪ್ಪಂದ. ಮೇ ತಿಂಗಳ ಬಿಸಿಲಲ್ಲಿ ಬೀರನ್ನು ಆರಿಸಿ ಕುಡಿದವರು ಪ್ರಪಂಚದಲ್ಲಿ ನಾವು ಮೂವರೇ ಇರಬೇಕು. “ಎನ್ನ ಸಾರ್, ಎವ್ವಳವು ಕಾಪಿ! ಪಿತ್ತ ಏರುತ್ತೆ,” ಎಂದು ಮಾಮಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕಾಳಜಿ ತೋರಿಸುತ್ತಿದ್ದರು. ಆ ಒಂದೆರಡು ಗಂಟೆ ನನಗೆ ಮಾಮಿಯ ಚಿಂತೆ, ಪೊಲೀಸಿನ ಚಿಂತೆ ಬಿಟ್ಟರೆ ಬೇರೆ ಚಿಂತೆ ಇರುತ್ತಿರಲಿಲ್ಲ.

ಇಷ್ಟರಲ್ಲಿ ಮಗಳು ಪದ್ಮಳಿಗೆ ಒಂದು ಸಂಬಂಧ ಬಂತು. ಪದ್ಮ ಇಲ್ಲಿಯೇ ಓದಿದವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಕ್ರಮ. ಹುಡುಗ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲು ನಡೆಸುವ ಕೃಷ್ಣ ಉಪಾಧ್ಯರ ಮಗ. ಒಂದು ಸಲ ಬಂದು ನೋಡಿ ಹೋದ. ಆ ಸಂಜೆ ಪದ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಅಪ್ಪ, ಅವರು ಇನ್ನೊಮ್ಮೆ ಯಾವಾಗ ಬರ್ತಾರಂತೆ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದಳು. ಸರಸು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಈ ಮದುವೆ ಹೇಗಾದರೂ ಆಗಲೇಬೇಕೆಂದು ನಮಗಿಬ್ಬರಿಗೂ ಆ ಕ್ಷಣವೇ ತಿಳಿಯಿತು. ಉಪಾಧ್ಯರು ಮಾತು ಮುಗಿಸಲು ಮುಂದಿನ ವಾರ ಬರುತ್ತೇನೆಂದು ಹೇಳಿಕಳಿಸಿದರು.

ಆದರೆ ನುಂಗಂಬಾಕ್ಕಂನಲ್ಲಿ ಏನೋ ಕೆಲಸವಿತ್ತೆಂದು ಈ ವಾರವೇ ಬಂದುಬಿಟ್ಟರು. ಅದೂ ಭಾನುವಾರ. “ರೀ, ಉಪಾಧ್ಯರು ಬಂದ್ರು!” ಎಂದು ಸರಸು ಮೆಟ್ಟಿಲ ಕೆಳಗಿನಿಂದ ಕೂಗುವುದಕ್ಕೂ ಅವರ ತಲೆ ಮೇಲೆ ಕಾಣಿಸುವುದಕ್ಕೂ ಸರಿಹೋಯಿತು. ಅನಂತು ಬಾಟಲಿಯ ಮೇಲೆ ಹಪ್ಪಳದ ಬುಟ್ಟಿ ಕವುಚಿದ. ಸದಾಶಿವಪ್ಪ ಮಾಮಿ ಇಲ್ಲದಿದ್ದರೂ ಜೋರಾಗಿ ಊದತೊಡಗಿದ.

“ಓಹೋ, ಕಾಫಿ ಸಮಾರಾಧನೆ ನಡೀತಾ ಉಂಟು! ಒಳ್ಳೆ ಹೊತ್ತಿಗೆ ಬಂದೆ ಮಾರಾಯ್ರೆ,” ಎನ್ನುತ್ತ ಉಪಾಧ್ಯರು ಚಾಪೆಯ ಮೇಲೆ ಕೂತರು. ಬೆಳ್ಳಗೆ ಗರಿಗರಿ ಜರಿಪಂಚೆ. ನನಗೆಂದು ಬಗ್ಗಿಸಿಟ್ಟ ಲೋಟದ ಮೇಲೆ ಕಣ್ಣು ಬಿತ್ತು. “ನೊರೆ ನೋಡಿ, ನೊರೆ! ನಮ್ಮ ಹುಡುಗರಿಗೆ ಹೇಳಿ ಹೇಳಿ ಸಾಕಾಯ್ತು, ಇಂಥಾ ನೊರೆ ಬರೂದಿಲ್ಲ. ಪುಡಿ ಯಾವುದು?”

ನಾನು ಬಾಯಿ ತೆರೆಯುವುದರೊಳಗೆ ಲೋಟ ಅವರ ಕೈಯಲ್ಲಿತ್ತು. ಉಪಾಧ್ಯರು ಯೌವನದಲ್ಲಿ ಕಾಫಿ ಹಾಕುವ ಕೆಲಸಕ್ಕೇ ಊರು ಬಿಟ್ಟವರು. ಕುದಿಯುವ ಲೋಟ ಹಿಡಿದು ಹಿಡಿದು ಅವರ ಬೆರಳಿಗೆ ಬಿಸಿ ಯಾವುದು ತಣ್ಣಗೆ ಯಾವುದು ಎಂದು ತಿಳಿಯುವುದಿಲ್ಲ. ಹೋಟೆಲಿನವರು ಕಾಫಿಯನ್ನು ಎತ್ತಿ ಹೊಯ್ಯದೆ ಬಾಯಿಗಿಟ್ಟುಕೊಳ್ಳುವುದೂ ಇಲ್ಲ; ಅದು ಅವರಿಗೆ ಊಟಕ್ಕೆ ಮುಂಚಿನ ಆಪೋಶನವಿದ್ದ ಹಾಗೆ. ಬಲಗೈ ತಲೆಯ ಮೇಲಕ್ಕೆ ಹೋಯಿತು, ಎಡಗೈ ಬಟ್ಟಲು ಹಿಡಿದು ಮಂಡಿಗಿಳಿಯಿತು. ಬೀರು ಒಂದು ಗಜದಷ್ಟು ಉದ್ದಕ್ಕೆ, ಒಂದು ಹನಿ ಪಕ್ಕಕ್ಕೆ ಹೋಗದೆ, ನೂಲು ಹಿಡಿದಂತೆ ಇಳಿಯಿತು.

ಆಮೇಲೆ ಬಟ್ಟಲಿನೊಳಗಿನದು ಉಕ್ಕಿ ಎದ್ದಿತು. ನೊರೆ ಬಟ್ಟಲು ತುಂಬಿ, ಮಣಿಕಟ್ಟು ಮುಳುಗಿಸಿ, ಮೊಣಕೈಯಿಂದಿಳಿದು ಜರಿಪಂಚೆಯ ಮೇಲೆ ಹಾಸಿಕೊಂಡಿತು. “ಎಂತದಿದು, ಡಿಕಾಕ್ಷನ್ನಿಗೆ ಜೀವ ಬಂತಾ?” ಎಂದರು ಉಪಾಧ್ಯರು. ಬೆರಳನ್ನು ಮೂಗಿನ ಹತ್ತಿರ ತಂದರು. ಒಂದು ಕಾಗೆ ಬಂದು ಹಪ್ಪಳ ಎತ್ತಿಕೊಂಡು ಹೋಯಿತು, ಯಾರೂ ಓಡಿಸಲಿಲ್ಲ.

“ಪರ್ಮಿಟ್ಟು ಯಾರದ್ದು?”

ಸದಾಶಿವಪ್ಪ ಮತ್ತು ಅನಂತು ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ. ಈಗ ಇಬ್ಬರ ಬೆರಳೂ ಒಂದೇ ಸಲಕ್ಕೆ ನನ್ನನ್ನು ತೋರಿಸಿದವು. ಉಪಾಧ್ಯರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಅದು ಎಂದಿಗಿಂತ ಚೆನ್ನಾಗಿ ನಡುಗುತ್ತಿತ್ತು. “ಹೂಂ,” ಎಂದು ಎದ್ದು, ಸರಸು ಹಿಡಿದುಕೊಂಡು ನಿಂತಿದ್ದ ನಿಜವಾದ ಕಾಫಿಯನ್ನೂ ಮುಟ್ಟದೆ ಹೊರಟುಹೋದರು.

ಸರಸು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. “ಕುಡಿದಾದ್ರೂ ಕುಡುಕ ಅನ್ನಿಸ್ಕೊಂಡ್ರಾ? ಅದೂ ಇಲ್ಲ. ಬರೀ ಮುಖ ತೋರಿಸಿ ಅನ್ನಿಸ್ಕೊಂಡ್ರಿ,” ಎಂಬುದು ಅದರ ಸಾರ. ಅದನ್ನು ಹೇಗೋ ತಡೆದುಕೊಂಡೆ. ಪದ್ಮ ಮಾತ್ರ ಊಟಕ್ಕೆ ಬಾರಮ್ಮ ಎಂದು ಕರೆದರೆ “ವೇಂಡಾಂಪ್ಪಾ,” ಎಂದಳು. ‘ಬೇಡಪ್ಪಾ’ ಎನ್ನುವುದಕ್ಕೆ ಮತ್ತೆ ತಮಿಳು.

ಪರ್ಮಿಟ್ಟು ಹರಿದುಹಾಕುತ್ತೇನೆ, ನಾನು ಕುಡುಕನಲ್ಲ, ಬರೀ ಚಿಂತೆಗಾರ ಎಂದು ಕೈಮುಗಿದು ಹೇಳುವುದೆಂದು ತಿರುವಲ್ಲಿಕ್ಕೇಣಿಗೆ ಹೋದೆ. ಉಪಾಧ್ಯರು ದುಡ್ಡಿನ ಗಲ್ಲದ ಮುಂದೆ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಅಕ್ಕಿಮೂಟೆಯ ಮೇಲೆ ಕೂರಿಸಿ, ಬಾಗಿಲು ಹಾಕಿದರು.

“ಉಪಾಧ್ಯರೆ, ಆ ಪರ್ಮಿಟ್ಟು...” ಎಂದೆ.

“ಜೋರು ಮಾತಾಡ್ಬೇಡಿ ಮಾರಾಯ್ರೆ. ನೀವು ಅದು ಹ್ಯಾಗೆ ತಕೊಂಡ್ರಿ, ಹೇಳಿ. ನಾನು ಎರಡು ಸಲ ಹೋಗಿ ಬಂದೆ.”

“ಎಲ್ಲಿಗೆ?” ಎಂದೆ.

“ಸಣ್ಣದಿರುವಾಗ ಬೊಂಬಾಯಿ ಹೋಟ್ಲಲ್ಲಿದ್ದೆ. ಅಲ್ಲಿ ರುಚಿ ಹತ್ತಿದ್ದು. ಇಲ್ಲಿ ಡಾಕ್ಟ್ರ ಹತ್ರ ಹೋದ್ರೆ ಕೈ ಚಾಚಿ ಅಂದ್ರು. ಚಾಚಿದೆ. ಎಂತ ಮಾಡುದು, ಅಲ್ಲಾಡುದಿಲ್ಲ! ನಾನೇ ನಡುಗಿಸಿದೆ. ನಗಾಡಿದ್ರು. ಅಂಗೈ ಮೇಲೆ ಅಂಚಿನವರೆಗೆ ನೀರು ತುಂಬಿದ ಗ್ಲಾಸು ಇಟ್ರು. ಒಂದು ಹನಿ ಚೆಲ್ಲಲಿಲ್ಲ. ಇಷ್ಟು ಕಾಲ ಕಾಫಿ ಹೊಯ್ದ ಕೈ ಅಲ್ವಾ, ಹೊಟ್ಟೆಗೆ ಹಾಕಿದ್ದೂ ಅದೇ, ಬಾಯಿಗೆ ಮಣ್ಣು ಹಾಕಿದ್ದೂ ಅದೇ.” ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ನಿಮ್ಮದು ನೋಡಿ. ದೇವರು ಕೊಟ್ಟ ಕೈ. ಮೊನ್ನೆ ನಿಮ್ಮಲ್ಲಿಂದ ಮನೆವರೆಗೆ ಬೆರಳು ಮೂಸ್ತಾ ಹೋದೆ ನಾನು. ಮಗನ ಮದುವೆಗೆ ಬೇರೆ ಎಂತದ್ದೂ ಬೇಡ ನಮ್ಗೆ. ಭಾನುವಾರ ನಾನು ಬಂದ್ರೆ ಆದೀತಲ್ಲ?”

ನಿಜ ಹೇಳಲು ಹೋದವನು ನಾನು. ಪದ್ಮಳ ‘ವೇಂಡಾಂಪ್ಪಾ’ ನೆನಪಾಯಿತು. “ಧಾರಾಳವಾಗಿ ಬನ್ನಿ,” ಎಂದೆ.

ಮದುವೆ ಚೆನ್ನಾಗಿಯೇ ಆಯಿತು. ಅಂದಿನಿಂದ ಪ್ರತಿ ಭಾನುವಾರ ಬೀಗರು ಬರುತ್ತಾರೆ. ಬೀಗರೆಂದ ಮೇಲೆ ಮೊದಲ ಲೋಟ ಅವರಿಗೆ, ಉಪಚಾರದ ಎರಡನೆಯದೂ ಅವರಿಗೆ. ಈಗ ಅವರು ಎತ್ತಿ ಹೊಯ್ಯುವುದಿಲ್ಲ. ಲೋಟವನ್ನು ಓರೆ ಹಿಡಿದು ಅಂಚಿನ ಮೇಲೆ ಮೆಲ್ಲಗೆ ಇಳಿಸುತ್ತಾರೆ, ಒಂದು ಹನಿ ವ್ಯರ್ಥವಿಲ್ಲ. ಸದಾಶಿವಪ್ಪ, ಅನಂತು ಮೊದಲಿಂದಲೂ ಹಕ್ಕುದಾರರು. ಹೆಣ್ಣು ಕೊಟ್ಟವನು ಎಲ್ಲರಿಗೂ ಬಡಿಸಿ ಆದ ಮೇಲೆ ಕೂರಬೇಕಲ್ಲ. ನಾನು ಕೂರುವಷ್ಟರಲ್ಲಿ ಬಾಟಲಿಯಲ್ಲಿ ನೊರೆಯ ನೆನಪು ಮಾತ್ರ ಉಳಿದಿರುತ್ತದೆ. “ರಾಯರಿಗೆ ಕಾಫಿ ಆಗ್ತದೆ,” ಎಂದು ಬೀಗರೇ ತೀರ್ಮಾನ ಹೇಳುತ್ತಾರೆ. ಮಾಮಿ ಕಂಡಾಗ ನಾಲ್ವರೂ ಊದುತ್ತೇವೆ. ಅದರಲ್ಲಿ ಪ್ರಾಮಾಣಿಕವಾಗಿ ಊದುವವನು ನಾನೊಬ್ಬನೇ. ಸರ್ಕಾರಕ್ಕೆ ಗೊತ್ತಿರುವ ಕುಡುಕನೂ ನಾನೊಬ್ಬನೇ.

ತೊಂದರೆ ಅದಲ್ಲ. ಪದ್ಮ ಸುಖವಾಗಿದ್ದಾಳೆ. ಬಂದಾಗಲೆಲ್ಲ ಕನ್ನಡದಲ್ಲಿ, ಅದೂ ಅತ್ತೆಮನೆಯ ‘ಉಂಟು, ಎಂತದು’ ಸೇರಿಸಿ ಮಾತಾಡುತ್ತಾಳೆ. ಅಳಿಯ ಸಭ್ಯ. ನನಗೆ ಒಳ್ಳೆ ನಿದ್ದೆ ಬರತೊಡಗಿತು. ಒಂದು ದಿನ ಆಫೀಸಿನಲ್ಲಿ ಸಹಿ ಹಾಕಿ ನೋಡುತ್ತೇನೆ, ಅಕ್ಷರಗಳು ಸಾಲಾಗಿ ನಿಂತಿವೆ! ಸರಸು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಭಾನುವಾರದ ಸಭೆಯಲ್ಲಿ ಮಾತ್ರ ಸೂತಕದ ಕಳೆ, ಯಾಕೆಂದರೆ ಪರ್ಮಿಟ್ಟು ಹೊಸತು ಮಾಡಿಸುವ ಕಾಲ ಬಂದಿತ್ತು. “ಒಂದೆರಡು ದಿನ ನಿದ್ದೆ ಬಿಡಿ ಮಾರಾಯ್ರೆ,” ಎಂದು ಬೀಗರು ಬೇಡಿಕೊಂಡರು. “ಅಲ್ಲೋ ರಾಯಾ, ಹೊರಗ ಬರೂ ಮುಂದ ಬೀಗ ಹಾಕೀಯಿಲ್ಲೋ?” ಎಂದು ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಸದಾಶಿವಪ್ಪ ಒಳ್ಳೆಯ ಉದ್ದೇಶದಿಂದ ಕೇಳಿದ. ಏನೂ ಆಗಲಿಲ್ಲ. ಕೈ ಕಂಬದಂತೆ ನಿಂತಿತ್ತು.

ಹಾಗೆಯೇ ಡಾಕ್ಟರ ಮುಂದೆ ಹೋಗಿ ಚಾಚಿದೆ. ಡಾಕ್ಟರ ಹುಬ್ಬು ಮೇಲೇರಿತು. ಇನ್ನು ಮುಗಿಯಿತು, ಪರ್ಮಿಟ್ಟು ಹೋಯಿತು, ಬೀಗರ ಭಾನುವಾರ ಹೋಯಿತು, ಅವರ ಮುಖ ಬಾಡುತ್ತದೆ, ಮಗಳನ್ನು ಕಂಡರೆ ಸಿಡುಕುತ್ತಾರೆ, ಅವಳು ಬಂದು ನನ್ನ ಹತ್ತಿರ ತಮಿಳಿನಲ್ಲಿ ಅಳುತ್ತಾಳೆ ಎಂದು ಒಂದರ ಹಿಂದೆ ಒಂದು ಯೋಚನೆ ಹೊರಟಿತು. ಕಿರುಬೆರಳು ಅಲುಗಿತು. ಆಮೇಲೆ ಮಿಕ್ಕವು. ಮೊಣಕೈ, ಭುಜ, ಮಂಡಿ, ಕೊನೆಗೆ ಕೂತಿದ್ದ ಸ್ಟೂಲೂ ಸಣ್ಣಗೆ ಟಕಟಕ ಎಂದಿತು. “ಪಾಪ, ಜಾಸ್ತಿಯೇ ಆಗಿದೆ,” ಎಂದು ಡಾಕ್ಟರು ನಿಟ್ಟುಸಿರುಬಿಟ್ಟು, ಮೊದಲಿಗಿಂತ ಹೆಚ್ಚಿಗೆ ಬರೆದುಕೊಟ್ಟರು.

ಮೆಟ್ಟಿಲಿಳಿದು ಬೀದಿಗೆ ಬಂದೆ. ಮಗಳ ಸಂಸಾರ ಉಳಿಯಿತೆಂಬ ಸಂತೋಷಕ್ಕೆ ಕೈ ತಟ್ಟನೆ ನಿಂತುಬಿಟ್ಟಿತು. ಡಾಕ್ಟರು ಕಿಟಕಿಯಿಂದ ನೋಡುತ್ತಿದ್ದರೆ ಏನು ಗತಿ ಎಂದು ಹೆದರಿ ಅದನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡೆ. ಆ ಹೆದರಿಕೆಗೆ ಅದು ಜೇಬಿನೊಳಗೇ ಮತ್ತೆ ನಡುಗತೊಡಗಿತು. ಸಮಾಧಾನವಾಯಿತು.